ಮೂಲೆಯಲ್ಲಿ ಕಡಿದ ಲಿಂಟಲ್ ಬ್ಯಾಂಡು ಬ್ಯಾಂಡೇ ಅಲ್ಲ: ಹೊಳಲ್ಕೆರೆ ಕಡೆಯ ತರಬೇತಿ ಫೋಟೊಗಳಿಗೆ ಉತ್ತರ

ಅಣ್ಣಾ, ನೀವು ಹಾಕಿರೋ ನಾಲ್ಕೂ ಫೋಟೊ ನೋಡಿದೆ. ಇಪ್ಪತ್ತು ಜನ ಗಾರೆ ಮೇಸ್ತ್ರಿಗಳನ್ನ ಸೇರಿಸಿ, ಭೂಕಂಪ ತಡೆಯೋ ಮನೆ ಅಂತ ಮಾದರಿ ಗೋಡೆ ಕಟ್ಟಿಸಿದೀರಿ, ಒಳ್ಳೇದು. ಆದ್ರೆ ಮೂರನೇ ಫೋಟೊದಲ್ಲಿ ಲಿಂಟಲ್ ಬ್ಯಾಂಡಿನ, ಅಂದ್ರೆ ಬಾಗಿಲು ಕಿಟಕಿಯ ಮೇಲಿನ ಮಟ್ಟದಲ್ಲಿ ಎಲ್ಲ ಗೋಡೆಯನ್ನೂ ಸುತ್ತಿ ಹಿಡಿಯೋ ಕಾಂಕ್ರೀಟ್ ಪಟ್ಟಿಯ, ಕಬ್ಬಿಣ ಮೂಲೆಗೆ ಬಂದು ಅಲ್ಲೇ ನಿಂತುಬಿಟ್ಟಿದೆ. ಈ ಗೋಡೆಯದ್ದು ಬೇರೆ, ಆ ಗೋಡೆಯದ್ದು ಬೇರೆ, ನಡುವೆ ಎರಡು ಸುತ್ತು ಬೈಂಡಿಂಗ್ ವೈರು. ಇದೇ ತಪ್ಪನ್ನ ನಾನೂ ಮಾಡಿ, ಕಲಿತವರು ಅದನ್ನೇ ಮುಂದುವರಿಸಿ, ಆಮೇಲೆ ತಿದ್ದೋಕೆ ಸಾಕುಸಾಕಾಯ್ತು. ಅದಕ್ಕೇ ಉದ್ದಕ್ಕೆ ಬರೀತಿದೀನಿ, ಬೇಜಾರು ಮಾಡ್ಕೋಬೇಡ್ರಿ.

ಗಾಡಿ ಗಾಲಿಗೆ ಹಳಿ ಹಾಕಿಸ್ತೀವಲ್ಲ, ಅದನ್ನ ನಾಲ್ಕು ತುಂಡು ಮಾಡಿ ಮೊಳೆ ಹೊಡೆದ್ರೆ ಗಾಲಿ ನಿಲ್ಲುತ್ತಾ? ಬ್ಯಾಂಡೂ ಹಾಗೇ. ಗೋಡೆ ತನ್ನ ಉದ್ದದ ದಿಕ್ಕಿಗೆ ಗಟ್ಟಿ, ಅಗಲದ ದಿಕ್ಕಿಗೆ ದೂಡಿದ್ರೆ ಸುಲಭಕ್ಕೆ ಹೊರಕ್ಕೆ ಬೀಳುತ್ತೆ. ಹಾಗೆ ಬೀಳೋ ಗೋಡೆಯನ್ನ ಪಕ್ಕದ ಎರಡು ಗೋಡೆ ಹಿಡ್ಕೋಬೇಕು, ಹಿಡ್ಕೊಳ್ಳೋದು ಮೂಲೆಯಲ್ಲೇ. ಅಲ್ಲಿ ಕಬ್ಬಿಣ ಕಡಿದ್ರೆ ನೀವು ಹಾಕಿದ್ದು ಬಾಗಿಲು ಕಿಟಕಿ ಮೇಲಿನ ಮಾಮೂಲಿ ಲಿಂಟಲ್ಲು, ಸ್ವಲ್ಪ ಉದ್ದ ಜಾಸ್ತಿ, ಅಷ್ಟೇ.

ಮೂಲೆಯ ಕಟ್ಟೋಣ ಹೀಗಿರಲಿ. ಬ್ಯಾಂಡಲ್ಲಿ 10 ಎಂಎಂ ಕಬ್ಬಿಣ ಎರಡು, ಹೊರಗಿನದೊಂದು ಒಳಗಿನದೊಂದು. ಹೊರಗಿನದು ಮೂಲೆ ತಿರುಗಿ ಪಕ್ಕದ ಗೋಡೆಯ ಹೊರಮುಖದಲ್ಲಿ ಎರಡು ಅಡಿ ಹೋಗಿ ಅಲ್ಲಿನ ಕಬ್ಬಿಣದ ಜೊತೆ ಲ್ಯಾಪ್ ಆಗಬೇಕು, ಅಂದ್ರೆ ಎರಡೂ ಪಕ್ಕಪಕ್ಕ ಜೋಡಿಯಾಗಿ ಓಡಬೇಕು. ಎಲ್ರೂ ಕೆಡಿಸೋದು ಒಳಗಿನ ಕಬ್ಬಿಣವನ್ನ. ಅದನ್ನ ಒಳಮೂಲೆಗೆ ಅಂಟಿಸಿ ಬಗ್ಗಿಸ್ತಾರೆ. ಹಾಗೆ ಮಾಡಿದ್ರೆ ಎಳೆತ ಬಂದಾಗ ಕಬ್ಬಿಣ ನೆಟ್ಟಗಾಗೋಕೆ ಹೋಗಿ ಒಳಮೂಲೆಯ ಕಾಂಕ್ರೀಟನ್ನ ಚಕ್ಕೆ ಎಬ್ಬಿಸಿ ಆಚೆ ಬರುತ್ತೆ. ಒಳಗಿನ ಕಬ್ಬಿಣ ನೇರವಾಗಿ ಮೂಲೆ ದಾಟಿ, ಮೂಲೆಯಲ್ಲಿ ಸೇರೋ ಪಕ್ಕದ ಗೋಡೆಯ ಹೊರಮುಖ ಮುಟ್ಟಿ, ಅಲ್ಲಿ ಬಗ್ಗಿ ಎರಡು ಅಡಿ ಓಡಬೇಕು. ಎರಡೂ ಗೋಡೆಯ ಒಳಕಬ್ಬಿಣ ಮೂಲೆಯಲ್ಲಿ ಒಂದನ್ನೊಂದು ಕತ್ತರಿಯಂತೆ ದಾಟುತ್ವೆ, ಮೇಲಿಂದ ನೋಡಿದ್ರೆ ಕಾಣಬೇಕು. ನಡುಗೋಡೆ ಬಂದು ಸೇರೋ ಕಡೆ ನಡುಗೋಡೆಯ ಎರಡೂ ಕಬ್ಬಿಣ ಹೊರಗೋಡೆಯ ಹೊರಮುಖದವರೆಗೂ ಹೋಗಿ, ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಬೇಕು.

ಲ್ಯಾಪು ಎರಡು ಅಡಿಗಿಂತ ಕಡಿಮೆ ಬೇಡ, ಎರಡೂ ಕಬ್ಬಿಣದ ಲ್ಯಾಪು ಒಂದೇ ಜಾಗದಲ್ಲಿ ಬರಬಾರದು, ಕಿಟಕಿ ಮಧ್ಯದ ಮೇಲಂತೂ ಬೇಡವೇ ಬೇಡ. ಅಡ್ಡಕಡ್ಡಿ 6 ಎಂಎಂ, ಅರ್ಧ ಅಡಿಗೊಂದು, ಕೊಕ್ಕೆ 135 ಡಿಗ್ರಿ. ಕಬ್ಬಿಣ ಬಗ್ಗಿಸಿ ಕಟ್ಟೋ ಬಾರ್ ಬೆಂಡರ್‌ಗಳು 90ಕ್ಕೇ ಬಿಡ್ತಾರೆ, 'ವೈರ್ ಕಟ್ಟಿದೀವಲ್ಲ ಸಾರ್' ಅಂತಾರೆ. ವೈರು ಕಾಂಕ್ರೀಟ್ ಹಾಕೋವರೆಗೆ ಕಬ್ಬಿಣ ಅಲ್ಲಾಡದಂಗೆ ಇರೋಕೆ, ಮನೆ ಹಿಡಿಯೋಕಲ್ಲ. ಕಬ್ಬಿಣದ ಕೆಳಗೂ ಕಾಂಕ್ರೀಟ್ ಹೋಗೋ ಹಾಗೆ ಒಂದಿಂಚಿನ ಕವರ್ ಬ್ಲಾಕ್ (ಎತ್ತಿ ಹಿಡಿಯೋ ಸಣ್ಣ ಬಿಲ್ಲೆ) ಇಡ್ರಿ. ನಿಮ್ಮ ಎರಡನೇ ಫೋಟೊದಲ್ಲಿ ಕಬ್ಬಿಣ ಕಲ್ಲಿನ ಮೇಲೇ ಮಲಗಿದೆ.

ನಿಯಮದ ಪುಸ್ತಕದಲ್ಲಿ, ಅಂದ್ರೆ ಭೂಕಂಪ ತಡೆಯೋ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 4326ರಲ್ಲಿ, ಐದು ಮೀಟರ್ ಒಳಗಿನ ಗೋಡೆಗೆ ನಮ್ಮಂಥ ಕಡೆ 8 ಎಂಎಂ ಎರಡು ಸಾಕು ಅಂತಿದೆ. ನಾನು 10 ಹೇಳೋದು ಯಾಕಂದ್ರೆ 8ನ್ನ ಆಳುಗಳು ತುಳಿದು ಸೊಟ್ಟ ಮಾಡ್ತಾರೆ. ಎರಡು ಕಬ್ಬಿಣದ ಬ್ಯಾಂಡಿಗೆ ಮೂರು ಇಂಚು ದಪ್ಪ ಸಾಕು. ಕಿಟಕಿ ಬಾಗಿಲಿನ ಮೇಲೆ ಮಾತ್ರ ಅದು ಲಿಂಟಲ್ಲೂ ಆಗಿರುತ್ತೆ, ಅಲ್ಲಿ ಅಗಲಕ್ಕೆ ತಕ್ಕಂತೆ ದಪ್ಪ, ಕಬ್ಬಿಣ ಎರಡೂ ಹೆಚ್ಚು ಮಾಡ್ರಿ.

'ಖರ್ಚು ಜಾಸ್ತಿ, ಮನೆಯವರು ಒಪ್ಪಲ್ಲ' ಅಂತ ನಿಮ್ಮ ಫೋಟೊಗಳ ಕೆಳಗೆ ಒಬ್ರು ಬರೆದಿದಾರೆ. ಲೆಕ್ಕ ಹಾಕೋಣ. 20 ಅಡಿಗೆ ಹದಿಮೂರೂವರೆ ಅಡಿ, ಅಂದ್ರೆ ಆವಾಸ್ ಯೋಜನೆಯ 25 ಚದರ ಮೀಟರ್ ಅಳತೆಯ ಮನೆ, ನಡುವೆ ಒಂದು ಗೋಡೆ. ಬ್ಯಾಂಡಿನ ಉದ್ದ ಸುಮಾರು 80 ಅಡಿ. 10 ಎಂಎಂ ಲ್ಯಾಪ್ ಸೇರಿ 55 ಮೀಟರ್, 34 ಕೆಜಿ. ಅಡ್ಡಕಡ್ಡಿ 165ರಷ್ಟು, 17 ಕೆಜಿ. ಹದಿನೈದು ಇಂಚಿನ ಕಲ್ಲುಗೋಡೆಗೆ ಮೂರಿಂಚಿನ ಕಾಂಕ್ರೀಟು 0.7 ಘನ ಮೀಟರ್, ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ ಅಳತೆಯಲ್ಲಿ ಆರು ಮೂಟೆ ಸಿಮೆಂಟು. ಇದರಲ್ಲೂ ಒಂದು ಭಾಗ ಲಿಂಟಲ್ಲಿಗೆ ಹೇಗಿದ್ರೂ ಹಾಕ್ತಿದ್ರಿ. ಮುಂದಿನ ಗೋಡೆಗೆ ಟೈಲ್ಸ್ ಅಂಟಿಸೋಕೆ ಒಪ್ಪೋ ಮನೆಯವರು ಇದಕ್ಕೆ ಒಪ್ಪಲ್ಲ ಅಂದ್ರೆ ಹೇಳೋ ರೀತಿ ಸರಿಯಿಲ್ಲ ಅಂತ ಅರ್ಥ.

ಇನ್ನು 'ನಮ್ಮ ಕಡೆ ಭೂಕಂಪ ಎಲ್ಲಿ ಆಗುತ್ತೆ' ಅನ್ನೋರಿಗೆ. ಚಿತ್ರದುರ್ಗ, ದಾವಣಗೆರೆ ಎರಡನ್ನೂ 2002ರ ಭೂಕಂಪ ನಕ್ಷೆಯಲ್ಲಿ ವಲಯ 2 ಅಂತ ತೋರಿಸಿದ್ರು, ಅಪಾಯ ಕಡಿಮೆ, ನಿಜ. 1993ರ ಸೆಪ್ಟೆಂಬರ್ 30ರ ನಸುಕಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮ ಆದಾಗ ಅದು ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅಲ್ಲಿ ಬಿದ್ದ ಮನೆ ಎಂಥವು? ಕಾಡುಗಲ್ಲು, ಮಣ್ಣಿನ ಗಾರೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನ ಹಳೇ ಕೇರಿಗಳಲ್ಲಿ ಒಂದು ಸುತ್ತು ಹಾಕಿ ಬನ್ರಿ, ಹೇಳಬೇಕಾಗಿಲ್ಲ.

ಕಲ್ಲುಗೋಡೆ ಅಂದ್ಮೇಲೆ ಬಾಂಡ್ ಕಲ್ಲು ಬೇಕು, ಅಂದ್ರೆ ಗೋಡೆಯ ಒಳಮುಖದಿಂದ ಹೊರಮುಖದವರೆಗೂ ಹಾಯೋ ಉದ್ದ ಕಲ್ಲು. ನಿಮ್ಮ ಮಾದರಿ ಗೋಡೆಯಲ್ಲಿ ಒಂದೂ ಕಾಣ್ಲಿಲ್ಲ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಚಕ್ಕೆ ಕಲ್ಲು ಮಣ್ಣು ತುಂಬಿದ್ರೆ ಅದು ಒಂದು ಗೋಡೆ ಅಲ್ಲ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳು ಗೋಡೆ. ಅಲುಗಿದಾಗ ನಡುವಿನ ಚಕ್ಕೆ ಕೆಳಗಿಳಿದು ಬೆಣೆ ಹೊಡೆದ ಹಾಗೆ ಎರಡನ್ನೂ ದೂಡುತ್ತೆ, ಹೊರಸಾಲು ಹೊಟ್ಟೆ ಬಿಟ್ಟು ಬೀಳುತ್ತೆ. ಗೋಡೆಯ ಎರಡೂ ಮುಖ ಮುಟ್ಟೋ ಕಲ್ಲು ಎತ್ತರದಲ್ಲಿ ಎರಡು ಅಡಿಗೊಂದು ಸಾಲು, ಸಾಲಲ್ಲಿ ನಾಲ್ಕು ಅಡಿಗೊಂದು, ಮೇಲಿನ ಸಾಲಿನದು ಕೆಳಗಿನದರ ಸಂದಿಗೆ ಬರಲಿ. ಹತ್ತಡಿಗೆ ಹತ್ತಡಿ ಗೋಡೆಗೆ ಹನ್ನೆರಡು ಕಲ್ಲು. ಇಟ್ಟ ಕೂಡಲೇ ಎರಡೂ ಮುಖಕ್ಕೆ ಕೆಂಪು ಬಣ್ಣ ಹಚ್ಚಿಸ್ರಿ. ಸಂಜೆ ಹೊರಗೆ ಎಣಿಸಿ, ಒಳಗೆ ಎಣಿಸಿ, ಲೆಕ್ಕ ತಾಳೆ ಆಗಬೇಕು. ಅಷ್ಟು ಉದ್ದದ ಕಲ್ಲು ಸಿಗ್ಲಿಲ್ಲ ಅಂದ್ರೆ ಎರಡಿಂಚು ಚೌಕದ ಕಾಂಕ್ರೀಟ್ ತುಂಡು, ನಡುವೆ 8 ಎಂಎಂ ಕಡ್ಡಿ ಇಟ್ಟು, ವಾರದ ಮುಂಚೆಯೇ ಹಾಕಿಟ್ಕೊಳ್ರಿ. ಸೈಜುಗಲ್ಲಾದ್ರೂ ಇದು ಬೇಕೇ ಬೇಕು, ಮುಖ ನುಣ್ಣಗಿದ್ದ ಮಾತ್ರಕ್ಕೆ ಗೋಡೆ ಒಂದಾಗಲ್ಲ. ದಿನಕ್ಕೆ ಎರಡಡಿಗಿಂತ ಮೇಲೆ ಏರಿಸಬೇಡ್ರಿ. ಮೂಲೆಯಲ್ಲಿ ಕೆಲಸ ನಿಲ್ಲಿಸೋವಾಗ ಕಲ್ಲುಗಳನ್ನ ಹಲ್ಲಿನ ಹಾಗೆ ಚಾಚಿ ಬಿಟ್ಟು ನಿಲ್ಲಿಸೋದು ಬೇಡ, ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ರಿ.

ಮೂಲೆಯಲ್ಲಿ ನಿಲ್ಲಿಸೋ ಲಂಬ ಕಬ್ಬಿಣ ನಮ್ಮ ವಲಯದ ಒಂದಂತಸ್ತಿನ ಮನೆಗೆ ಕಡ್ಡಾಯ ಏನಲ್ಲ. ಆದ್ರೂ ಕಲಿಸೋವಾಗ ಕಲಿಸ್ರಿ, ಯಾಕಂದ್ರೆ ಕಲ್ಲುಗೋಡೆಯಲ್ಲಿ ಅದನ್ನ ನಿಲ್ಲಿಸೋದು ನೋಡದೇ ಬರೋ ಕೆಲಸ ಅಲ್ಲ. 12 ಎಂಎಂ ಕಬ್ಬಿಣದ ಬುಡ ಒಂದೂವರೆ ಅಡಿ ಬಗ್ಗಿಸಿ ಪಾಯದ ಕಾಂಕ್ರೀಟಲ್ಲಿ ಕೂರಿಸಿ, ಮೇಲೆ ಬಿದಿರಿಗೆ ಕಟ್ಟಿ ನೆಟ್ಟಗೆ ನಿಲ್ಲಿಸ್ರಿ. ಎರಡು ಅಡಿ ಉದ್ದದ 75 ಎಂಎಂ ಪಿವಿಸಿ ಪೈಪನ್ನ ಮೇಲಿಂದ ತೂರಿಸಿ ಕೆಳಗಿಳಿಸಿ, ಅದರ ಸುತ್ತ ಕಲ್ಲು ಕಟ್ತಾ ಬನ್ರಿ. ಒಂದೂವರೆ ಅಡಿ ಆದ ಮೇಲೆ ಪೈಪೊಳಗೆ ಸಣ್ಣ ಜಲ್ಲಿಯ ಕಾಂಕ್ರೀಟ್ ಸುರಿದು, ಕಡ್ಡಿಯಲ್ಲಿ ಕುಟ್ಟುತ್ತಾ ಕುಟ್ಟುತ್ತಾ ಪೈಪು ಮೇಲೆತ್ತಿ. ಕಟ್ಟೋವಾಗ ಕಾಲು ಗಂಟೆಗೊಮ್ಮೆ ಪೈಪನ್ನ ತಿರುಗಿಸ್ತಿರಬೇಕು. ಊಟಕ್ಕೆ ಹೋಗಿ ಬಂದು ಎತ್ತೋಣ ಅಂದ್ರೆ ಗಾರೆ ಹಿಡ್ಕೊಂಡಿರುತ್ತೆ, ಜಗ್ಗಿದ್ರೆ ಮೂಲೆಗಲ್ಲೇ ಸಡಿಲ ಆಗುತ್ತೆ. ಕೆಲವ್ರು ಪೈಪಿಗೆ ಹಳೇ ಎಂಜಿನ್ ಆಯಿಲ್ ಬಳೀತಾರೆ, ದಯವಿಟ್ಟು ಬೇಡ. ಆ ಎಣ್ಣೆ ಕಲ್ಲಿಗೆ ಮೆತ್ತಿ ಕಾಂಕ್ರೀಟು ಕಚ್ಚಲ್ಲ. ನೀರಲ್ಲಿ ಅದ್ದಿದ್ರೆ ಸಾಕು. ಕಬ್ಬಿಣದ ತುದಿ ಮೇಲಿನ ಬ್ಯಾಂಡಲ್ಲೋ ತಾರಸಿಯಲ್ಲೋ ಒಂದಡಿಯಾದ್ರೂ ಬಗ್ಗಿ ಕೂರಬೇಕು.

ಕಬ್ಬಿಣದ ಕಂಪನಿ ಯಾವುದು ಅಂತ ಇಲ್ಲಿ ಪ್ರತಿ ವಾರ ಜಗಳ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಹತ್ರ ಸಿಗುತ್ತೆ ಅಂತ ನಾನು ಅದನ್ನೇ ತರಿಸ್ತೀನಿ, ಟಾಟಾ ಆದ್ರೂ ಸರಿ, ಕಬ್ಬಿಣದ ದರ್ಜೆಯ ಸಂಖ್ಯೆ 500 ಆದ್ಮೇಲೆ 'ಡಿ' ಅಕ್ಷರ ಇರಲಿ. ಹೆಸರಿಲ್ಲದ ಲೋಕಲ್ ಮಾಲು ತರಬೇಡ್ರಿ, 135 ಡಿಗ್ರಿ ಬಗ್ಗಿಸೋವಾಗಲೇ ಕೆಲವು ಸೀಳು ಬಿಡುತ್ವೆ. ತಂದ ದಿನ ತೂಕ ಹಾಕಿ: 12 ಮೀಟರ್ ಉದ್ದದ 10 ಎಂಎಂ ಒಂದು 7.4 ಕೆಜಿ ಬರಬೇಕು, 8 ಎಂಎಂ 4.7. ಸಿಮೆಂಟಿಗೆ ಅಲ್ಟ್ರಾಟೆಕ್ಕೋ ರಾಮ್ಕೋನೋ ಅನ್ನೋದಕ್ಕಿಂತ ಚೀಲದ ಮೇಲೆ ಬರೆದಿರೋ ತಯಾರಾದ ವಾರ ನೋಡ್ರಿ, ಮೂರು ತಿಂಗಳು ದಾಟಿದ್ದು ಎಷ್ಟು ದೊಡ್ಡ ಕಂಪನಿಯದಾದ್ರೂ ಬೇಡ. ನೀರು ಒಂದು ಮೂಟೆಗೆ 25 ಲೀಟರ್, 20 ಲೀಟರಿನ ಪೇಂಟ್ ಡಬ್ಬಿಯಲ್ಲಿ ಒಂದೂಕಾಲು. ಮರಳು ಹಸಿ ಇದ್ರೆ ಇನ್ನೂ ಕಡಿಮೆ. ಪೈಪ್ ಹಿಡಿದು ನೀರು ಬಿಡೋ ಮೇಸ್ತ್ರಿ ಕೈಯಿಂದ ಮೊದಲು ಪೈಪ್ ಕಿತ್ಕೊಳ್ರಿ. ಚಳ್ಳಕೆರೆ ಬಿಸಿಲಿಗೆ ಬ್ಯಾಂಡು ಸಂಜೆಯೊಳಗೆ ಬಿಳುಚ್ಕೊಳ್ಳುತ್ತೆ. ಗೋಣಿಚೀಲ ಹಾಸಿ ಹತ್ತು ದಿನ ಒದ್ದೆ ಇಡ್ರಿ, ಟ್ಯಾಂಕರ್ ನೀರಾದ್ರೂ ಚೀಲ ಹಾಸಿದ್ರೆ ದಿನಕ್ಕೆ ಕೆಲವೇ ಕೊಡದಲ್ಲಿ ಮುಗಿಯುತ್ತೆ.

ತರಬೇತಿ ವಿಷಯ. ಒಂದು ದಿನ ಪ್ರೊಜೆಕ್ಟರು, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ, ಇದರಿಂದ ಏನೂ ಆಗಲ್ಲ. ಮೇಸ್ತ್ರಿಗೆ ಕಣ್ಣಿಂದ ಬರಲ್ಲ, ಕೈಯಿಂದ ಬರುತ್ತೆ. ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದು ಮೂಲೆ: ಎರಡೂ ಕಡೆ ನಾಲ್ಕು ಅಡಿ, ಎತ್ತರ ನಾಲ್ಕು ಅಡಿ, ಮೇಲೆ ಬ್ಯಾಂಡಿನ ಕಬ್ಬಿಣ. ಕಾಂಕ್ರೀಟ್ ಹಾಕ್ಲೇಬೇಡ್ರಿ. ಕಬ್ಬಿಣ ಕಟ್ಟಿಸಿ, ಬಿಚ್ಚಿಸಿ, ಇನ್ನೊಬ್ಬರ ಕೈಲಿ ಕಟ್ಟಿಸಿ. ಕಾಂಕ್ರೀಟ್ ಹಾಕಿಬಿಟ್ರೆ ತಪ್ಪು ಮುಚ್ಚಿಹೋಗುತ್ತೆ, ನಿಮ್ಮ ಫೋಟೊದಲ್ಲಿ ಆಗಿರೋದೂ ಅದೇ. ಬಾರ್ ಬೆಂಡರನ್ನೂ ಕರೀರಿ, ಮೂಲೆ ಕೆಡೋದು ಹೆಚ್ಚಾಗಿ ಅವನ ಕೈಯಲ್ಲಿ. ದಿನದ ಕೂಲಿ ಕೊಡ್ರಿ, ಕೂಲಿ ಬಿಟ್ಟು ಬಂದವರು ಮಧ್ಯಾಹ್ನಕ್ಕೇ ಎದ್ದು ಹೋಗ್ತಾರೆ. ಬಿತ್ತನೆ ಹೊತ್ತಲ್ಲಿ ಇಟ್ಕೋಬೇಡ್ರಿ, ಸಂಕ್ರಾಂತಿ ಆದ್ಮೇಲೆ ಇಡ್ರಿ. ಆಮೇಲೆ ಊರಲ್ಲಿ ನಿಜವಾಗಿ ಏಳ್ತಿರೋ ಒಂದು ಮನೆ ಹಿಡ್ಕೊಂಡು ಪ್ಲಿಂತ್ (ಪಾಯದ ಮೇಲ್ಮಟ್ಟ), ಲಿಂಟಲ್, ತಾರಸಿ, ಮೂರೂ ಹಂತಕ್ಕೆ ಅದೇ ಜನರನ್ನ ಕರೀರಿ.

ನಂಬಿಕೆ ಬರಿಸೋಕೆ ಒಂದು ಆಟ: ಮೂರಡಿ ಚೌಕದ ಸೆಂಟ್ರಿಂಗ್ ಪ್ಲೈವುಡ್ಡನ್ನ ನಾಲ್ಕು ಪೈಪ್ ತುಂಡಿನ ಮೇಲಿಟ್ಟು, ಅದರ ಮೇಲೆ ಅರ್ಧ ಇಟ್ಟಿಗೆ, ಕೆಸರಿನಿಂದ ಎರಡು ಪುಟ್ಟ ಮನೆ ಕಟ್ಟಿಸ್ರಿ. ಒಂದಕ್ಕೆ ಲಿಂಟಲ್ ಮಟ್ಟದಲ್ಲಿ ತಂತಿ ಸುತ್ತಿ ಬಿಗೀರಿ. ಹಲಗೆಯನ್ನ ಹಿಂದೆ ಮುಂದೆ ಜಗ್ಗಿ. ಯಾವುದು ಮೊದಲು ಮೂಲೆ ಬಿಡುತ್ತೆ ಅಂತ ಅವರೇ ನೋಡ್ತಾರೆ, ಅರ್ಧ ಗಂಟೆ ಭಾಷಣ ಉಳಿಯುತ್ತೆ.

ಇನ್ನು ಸಣ್ಣಪುಟ್ಟವು. ಕಿಟಕಿ, ಗೂಡು ಯಾವುದೂ ಮೂಲೆಯಿಂದ ಎರಡಡಿ ಒಳಗೆ ಬೇಡ, ವಾಸ್ತು ಹೇಳೋರು ಏನಾದ್ರೂ ಹೇಳ್ಕೊಳ್ಲಿ. ಒಂದು ಗೋಡೆಯಲ್ಲಿ ಬಾಗಿಲು ಕಿಟಕಿ ಎಲ್ಲ ಸೇರಿ ಅರ್ಧಕ್ಕಿಂತ ಹೆಚ್ಚು ಅಗಲ ಆಗಬಾರದು. ಎರೆ ನೆಲದಲ್ಲಿ ಪ್ಲಿಂತ್ ಬ್ಯಾಂಡ್ ಬಿಡ್ಲೇಬೇಡ್ರಿ. ಭೂಕಂಪ ಬರದಿದ್ರೂ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗೋ ಮಣ್ಣು ಗೋಡೆ ಸೀಳೋದನ್ನ ಅದು ಕಡಿಮೆ ಮಾಡುತ್ತೆ, ಪಾಯದೊಳಗೆ ಗರಸು ತುಂಬ್ರಿ, ತೆಗೆದ ಎರೆಯನ್ನೇ ವಾಪಸ್ ಹಾಕ್ಬೇಡ್ರಿ. ಆರ್‌ಸಿಸಿ ತಾರಸಿ ಗೋಡೆಯ ಮೇಲೆ ಪೂರ್ತಿ ಕೂತಿದ್ರೆ ಬೇರೆ ರೂಫ್ ಬ್ಯಾಂಡ್ ಬೇಡ; ಚಪ್ಪಡಿ ಕಲ್ಲು, ಹೆಂಚು, ಶೀಟು ಆದ್ರೆ ಬೇಕು. ಶೀಟು ಹೊರೋ ಅಡ್ಡಪಟ್ಟಿಯನ್ನ, ಅಂದ್ರೆ ಪರ್ಲಿನ್ನನ್ನ, ಆ ಬ್ಯಾಂಡಿಗೆ ಬೋಲ್ಟ್ ಮಾಡಿದ್ರೆ ಯುಗಾದಿ ಆದ್ಮೇಲಿನ ಗಾಳಿಮಳೆಗೆ ಶೀಟು ಹಾರೋದೂ ನಿಲ್ಲುತ್ತೆ, ಮನೆಯವರಿಗೆ ಇದನ್ನೇ ಮೊದಲು ಹೇಳ್ರಿ, ಬೇಗ ಒಪ್ತಾರೆ.

ಹಳೇ ಮಣ್ಣಿನ ಮಾಳಿಗೆ ಮನೆಗೆ ಏನು ಮಾಡೋದು ಅಂತ ಕೇಳಿದ್ರಲ್ಲ: ಹತ್ತಡಿ ಚೌಕದ ಕೋಣೆ ಮೇಲೆ ಒಂದಡಿ ಮಣ್ಣು ಅಂದ್ರೆ ಹತ್ತಿರ ಹತ್ತಿರ ಐದು ಟನ್. ಸೋರಿದಾಗೆಲ್ಲ ಮೇಲೆ ಹಾಕಿ ಹಾಕಿ ಒಂದೂವರೆ ಅಡಿ ಆಗಿರೋ ಮನೆಗಳೂ ಇವೆ. ಅರ್ಧ ಅಡಿ ಉಳಿಸಿ ಮಿಕ್ಕಿದ್ದು ಕೆರೆದು ಇಳಿಸ್ರಿ, ಸೋರದಂಗೆ ನಡುವೆ ಪ್ಲಾಸ್ಟಿಕ್ ತಾಡಪಾಲು ಹಾಸ್ರಿ. ಇಳಿಸೋವಾಗ ನಾಲ್ಕೂ ಕಡೆ ಸಮವಾಗಿ ಇಳಿಸ್ರಿ, ಒಂದೇ ಕಡೆಯಿಂದ ಖಾಲಿ ಮಾಡಿದ್ರೆ ತೊಲೆ ಜರುಗುತ್ತೆ. ಕೆಳಗೆ ಯಾರೂ ಮಲಗಿರಬಾರದು.

ಮುಂದಿನ ಬ್ಯಾಚಿನ ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಬೀಳೋ ಮುಂಚೆ, ಮೂಲೆಯನ್ನ ನೇರ ಮೇಲಿಂದ ತೆಗೆದ ಫೋಟೊ ಇಲ್ಲಿ ಹಾಕ್ರಿ. ಪಕ್ಕದಿಂದ ತೆಗೆದದ್ದರಲ್ಲಿ ಒಳಕಬ್ಬಿಣ ಎತ್ತ ಬಗ್ಗಿದೆ ಅಂತ ಕಾಣಲ್ಲ.