ತಿರುವು ಬಿಡಿ, ಬ್ರೇಕ್ ಹಾಕುವ ಜಾಗ ಎಣಿಸಿ

ನಿಮ್ಮ ಪ್ರಶ್ನೆ ಇಷ್ಟು. 40 ಮೀಟರ್ ಅಗಲ, 70 ಮೀಟರ್ ಉದ್ದದ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಗೋ-ಕಾರ್ಟ್ ಟ್ರ್ಯಾಕ್ ನಡೆಸುತ್ತಿದ್ದೀರಿ. ಈಗ 11 ತಿರುವುಗಳಿವೆ. ಪದೇ ಪದೇ ಬರುವ ಹುಡುಗರು ಬೋರಾಗಿದೆ ಅನ್ನುತ್ತಿದ್ದಾರೆ. ಅದಕ್ಕೇ ಹೊಸ ಲೇಔಟಿನಲ್ಲಿ 16 ತಿರುವು ಕೂರಿಸಬೇಕು ಅಂತ ಆಸೆ. ಕೂರುತ್ತವಾ ಅಂತ ಕೇಳಿದ್ದೀರಿ.

ಕೂರುತ್ತವೆ. ಆದರೆ ಕೂರಿಸಬೇಡಿ. ಬೋರ್ ಇನ್ನೂ ಜಾಸ್ತಿಯಾಗುತ್ತದೆ.

ನಾನು ಟ್ರ್ಯಾಕಿನಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್ ಆಗಿ ಶುರು ಮಾಡಿದವನು. ಈಗ ಲೇಔಟ್ ಹಾಕಿಕೊಡುವುದೇ ಕೆಲಸ. ಮಾಲೀಕರೆಲ್ಲ ಮೊದಲು ಕೇಳುವುದು ತಿರುವಿನ ಲೆಕ್ಕವನ್ನೇ. ಬೋರ್ಡಿನಲ್ಲಿ ಬರೆಯಲು ಚೆನ್ನಾಗಿರುತ್ತದೆ, ಅಷ್ಟೇ. ಓಡಿಸುವವನಿಗೆ ಬೇಕಾಗಿರುವುದು ಮುಂದಿನವನನ್ನು ಹಿಂದೆ ಹಾಕಲು ಒಂದು ಅವಕಾಶ. ಬಾಡಿಗೆ ಕಾರ್ಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಶಕ್ತಿಯವು. ನೇರ ದಾರಿಯಲ್ಲಿ ಬರೀ ಆಕ್ಸಿಲರೇಟರ್ ಒತ್ತಿ ಯಾರೂ ಯಾರನ್ನೂ ದಾಟುವುದಿಲ್ಲ. ದಾಟುವುದು ಬ್ರೇಕ್ ಹಾಕುವ ಜಾಗದಲ್ಲಿ ಮಾತ್ರ. ಒಬ್ಬ ಒಂದು ಕ್ಷಣ ಮುಂಚೆ ಒತ್ತುತ್ತಾನೆ, ಇನ್ನೊಬ್ಬ ತಡೆದು ಒತ್ತುತ್ತಾನೆ, ಅಲ್ಲಿ ಜಾಗ ಬದಲಾಗುತ್ತದೆ. 16 ತಿರುವು ತುರುಕಿದರೆ ಯಾರೂ ನಿಜವಾಗಿ ಬ್ರೇಕ್ ಒತ್ತುವಷ್ಟು ವೇಗಕ್ಕೆ ಬರುವುದೇ ಇಲ್ಲ. ಎಂಟು ಜನ ಒಬ್ಬರ ಹಿಂದೊಬ್ಬರು ಮೆರವಣಿಗೆ ಹೋಗುತ್ತಾರೆ. ನಿಮ್ಮ ಹುಡುಗರಿಗೆ ಬೋರಾಗಿರುವುದು ಇದಕ್ಕೇ ಇರಬೇಕು.

ಹಾಗಾಗಿ ಪೇಪರ್ ತಗೊಂಡು ತಿರುವು ಎಳೆಯುವ ಮೊದಲು ಎರಡು ಬ್ರೇಕ್ ಜಾಗ ಗುರುತು ಮಾಡಿ. ಜಾಗ ಸಿಕ್ಕರೆ ಮೂರು. ಉಳಿದ ಟ್ರ್ಯಾಕು ಇವುಗಳನ್ನು ಜೋಡಿಸುವ ದಾರಿ ಅಂದುಕೊಳ್ಳಿ.

ಇದಕ್ಕೆ ಕಾರ್ಟಿನ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಕಾರಿಗೆ ಡಿಫರೆನ್ಷಿಯಲ್ ಇರುತ್ತದೆ. ತಿರುಗುವಾಗ ಒಳಗಿನ ಚಕ್ರ ನಿಧಾನ, ಹೊರಗಿನದು ಜೋರು. ಮಾಮೂಲಿ ಕಾರ್ಟಿಗೆ ಅದಿಲ್ಲ. ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ ಮೇಲೆ ಕೂತಿರುತ್ತವೆ, ಒಂದೇ ಸಮ ಸುತ್ತುತ್ತವೆ. ಆದ್ದರಿಂದ ತಿರುವಿನಲ್ಲಿ ಒಳಗಿನ ಚಕ್ರ ಒಂದೋ ನೆಲ ಬಿಟ್ಟು ಹಗುರವಾಗಬೇಕು, ಇಲ್ಲವೇ ಜಾರಬೇಕು. ತುಂಬಾ ಬಿಗಿಯಾದ ತಿರುವಿನಲ್ಲಿ ಅದು ನೆಲವನ್ನು ಉಜ್ಜುತ್ತಲೇ ಹೋಗುತ್ತದೆ. ವೇಗ ಸಾಯುತ್ತದೆ, ಟೈರು ಸವೆಯುತ್ತದೆ. ಇನ್ನೊಂದು ವಿಷಯ: ಬಾಡಿಗೆ ಕಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ಗೆ ಮಾತ್ರ. ಸ್ಟೀರಿಂಗ್ ತಿರುಗಿಸಿಕೊಂಡೇ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಮುಂದೆ ಬಂದು ಸ್ಪಿನ್ ಆಗುತ್ತದೆ. ಅಂದರೆ ಬ್ರೇಕ್ ಹಾಕುವ ಜಾಗ ನೇರವಾಗಿರಬೇಕು. ಬಾಗಿದ ದಾರಿಯ ಕೊನೆಗೆ U ಆಕಾರದ ತಿರುವು, ಅಂದರೆ ಹೇರ್‌ಪಿನ್ ಇಟ್ಟರೆ ಹೊಸಬರು ಸುತ್ತಿಗೊಬ್ಬರಂತೆ ಅಡ್ಡ ನಿಲ್ಲುತ್ತಾರೆ. ನಿಮ್ಮ ಮಾರ್ಷಲ್‌ಗಳಿಗೆ ಕಾರ್ಟ್ ತಳ್ಳುವುದೇ ಕೆಲಸವಾಗುತ್ತದೆ.

ಮುಂದಿನ ಕೆಲಸ, ನಿಮ್ಮ ನೆಲ ಎಷ್ಟು ಹಿಡಿಯುತ್ತದೆ ಅಂತ ಅಳೆಯುವುದು. ಪಾಲಿಶ್ ಆದ ಕಾಂಕ್ರೀಟಿಗೂ ಎಪಾಕ್ಸಿ ಬಳಿದ ನೆಲಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ. ಬೇರೆಯವರ ನೆಲದ ಲೆಕ್ಕ ನಿಮಗೆ ಉಪಯೋಗವಿಲ್ಲ. ಬ್ಯಾರಿಯರ್ ಎಲ್ಲ ಎತ್ತಿಟ್ಟ ದಿನವೇ ಇದನ್ನು ಮಾಡಿ. ಶೆಡ್ಡಿನ ನಡುವೆ ಒಬ್ಬರು ಹಗ್ಗದ ತುದಿ ಒತ್ತಿ ಹಿಡಿಯಲಿ. ಇನ್ನೊಬ್ಬರು 6 ಮೀಟರ್ ಹಗ್ಗಕ್ಕೆ ಸೀಮೆಸುಣ್ಣ ಕಟ್ಟಿ ದೊಡ್ಡ ವೃತ್ತ ಎಳೆಯಲಿ. ಚೆನ್ನಾಗಿ ಓಡಿಸುವ ಒಬ್ಬನಿಗೆ ಆ ಗೆರೆ ಬಿಡದೆ ಆದಷ್ಟು ಜೋರಾಗಿ ಸುತ್ತಲು ಹೇಳಿ. ಟೈರು ಕಿರುಗುಟ್ಟುತ್ತಾ ಗೆರೆಯಿಂದ ಹೊರಗೆ ಜಾರಲು ಶುರುವಾಗುವ ಮಟ್ಟ ಬಂದಾಗ ಸ್ಟಾಪ್‌ವಾಚ್ ಒತ್ತಿ. ವೃತ್ತದ ಸುತ್ತಳತೆ 37.7 ಮೀಟರ್. ಒಂದು ಸುತ್ತಿಗೆ 5.5 ಸೆಕೆಂಡ್ ಆಯ್ತು ಅಂತ ಇಟ್ಟುಕೊಳ್ಳಿ. ವೇಗ ಸೆಕೆಂಡಿಗೆ 6.85 ಮೀಟರ್. ಇದರ ವರ್ಗವನ್ನು ತ್ರಿಜ್ಯದಿಂದಲೂ ಗುರುತ್ವಾಕರ್ಷಣೆಯ ಅಂಕಿಯಾದ 9.8ರಿಂದಲೂ ಭಾಗಿಸಿದರೆ ಸುಮಾರು 0.8 ಬರುತ್ತದೆ. ಅದೇ ನಿಮ್ಮ ನೆಲದ ಗ್ರಿಪ್.

ಈ ಒಂದು ಅಂಕಿ ಸಿಕ್ಕರೆ ಪೇಪರ್ ಮೇಲಿನ ಯಾವ ತಿರುವಿನ ವೇಗವನ್ನಾದರೂ ಮೊದಲೇ ಹೇಳಬಹುದು. ಗ್ರಿಪ್, 9.8, ತ್ರಿಜ್ಯ ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ಬರುವುದು ಸೆಕೆಂಡಿಗೆ ಇಷ್ಟು ಮೀಟರ್ ಅಂತ, 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. 4 ಮೀಟರ್ ತ್ರಿಜ್ಯಕ್ಕೆ ಗಂಟೆಗೆ 20 ಕಿ.ಮೀ. ಬರುತ್ತದೆ, 6 ಮೀಟರಿಗೆ ಸುಮಾರು 25, 10 ಮೀಟರಿಗೆ 32. ಇಲ್ಲಿ ತ್ರಿಜ್ಯ ಅಂದರೆ ಕಾರ್ಟ್ ಹೋಗುವ ಗೆರೆಯದ್ದು, ಒಳಗಿನ ಬ್ಯಾರಿಯರಿನದ್ದಲ್ಲ. ಹೊರಗಿನಿಂದ ಬಂದು, ಒಳಗೆ ಮುಟ್ಟಿ, ಮತ್ತೆ ಹೊರಗೆ ಹೋಗುವ ಗೆರೆ. ನಿಮ್ಮ ಈಗಿನ ಟ್ರ್ಯಾಕಿನಲ್ಲೇ ನೋಡಿ, ನೆಲದ ಮೇಲೆ ಕಪ್ಪಗೆ ರಬ್ಬರ್ ಅಂಟಿರುತ್ತದಲ್ಲ, ಅದೇ.

ಈಗ ನಿಮ್ಮ ಶೆಡ್ಡಿಗೆ ಬರೋಣ. ದಾರಿಯ ಅಗಲ 6 ಮೀಟರ್ ಇರಲಿ. ಸ್ಪಿನ್ ಆಗಿ ಅಡ್ಡ ನಿಂತ ಕಾರ್ಟ್ ಹತ್ತಿರ ಹತ್ತಿರ 2 ಮೀಟರ್ ತಿನ್ನುತ್ತದೆ, ಉಳಿದ 4 ಮೀಟರಿನಲ್ಲಿ ಹಿಂದಿನವರು ಪಾರಾಗಬಹುದು. ಸಾಲುಗಳ ನಡುವಿನ ಬ್ಯಾರಿಯರಿಗೆ 60 ಸೆಂ.ಮೀ. ಹಿಡಿದರೆ 40 ಮೀಟರ್ ಅಗಲದಲ್ಲಿ ಆರು ಸಾಲು ಕೂರುತ್ತವೆ. ಪಿಟ್ಟಿಗೆ, ಅಂದರೆ ಕಾರ್ಟ್ ನಿಲ್ಲಿಸಿ ಜನ ಹತ್ತಿ ಇಳಿಯುವ ಕಡೆಗೆ, ಜಾಗ ಬಿಟ್ಟರೆ ಸುಮಾರು 300 ಮೀಟರ್ ಸುತ್ತು. ಅರ್ಧ ನಿಮಿಷದ ಆಸುಪಾಸಿನ ಲ್ಯಾಪ್. ಎಂಟು ಕಾರ್ಟಿಗೆ ಧಾರಾಳ.

ಆದರೆ ಎಲ್ಲರೂ ಮಾಡುವ ಹಾಗೆ ಆರು ಸಾಲನ್ನು ಗೋಡೆಗೆ ಸಮನಾಗಿ ಎಳೆದು ತುದಿಗಳಲ್ಲಿ ಹೇರ್‌ಪಿನ್ ಹಾಕಿದರೆ ಒಂದು ತೊಂದರೆ ಇದೆ. ಅಕ್ಕಪಕ್ಕದ ಎರಡು ಸಾಲು ಸೇರಿ ಅಗಲ 12.6 ಮೀಟರ್. ಕಾರ್ಟಿನ ಅಗಲ 1.4 ಕಳೆಯಿರಿ, ಅರ್ಧ ಮಾಡಿ. 5.6 ಮೀಟರ್. ಆ ಹೇರ್‌ಪಿನ್ನಿನಲ್ಲಿ ಎಂಥಾ ನಿಪುಣನಿಗೂ ಇದಕ್ಕಿಂತ ದೊಡ್ಡ ಗೆರೆ ಸಿಗುವುದಿಲ್ಲ. ಅಂದರೆ ಎಲ್ಲ ಹೇರ್‌ಪಿನ್ನೂ ಗಂಟೆಗೆ 24 ಕಿ.ಮೀ. ಒಂದೇ ಅನುಭವ ಐದು ಸಲ. ಇದರಿಂದ ತಪ್ಪಿಸಿಕೊಳ್ಳಲು ಸಾಲುಗಳನ್ನು ಓರೆ ಮಾಡಿ. ಮುಖ್ಯ ಸ್ಟ್ರೇಟ್, ಅಂದರೆ ಎಲ್ಲಕ್ಕಿಂತ ಉದ್ದದ ನೇರ ದಾರಿ, ಗೋಡೆಗೆ ಸಮನಾಗಿರದೆ ಸ್ವಲ್ಪ ವಾಲಿಕೊಂಡಿರಲಿ. ಒಂದು ತುದಿಯಲ್ಲಿ ಸಾಲುಗಳು ಹತ್ತಿರ ಬರುತ್ತವೆ, ಇನ್ನೊಂದು ತುದಿಯಲ್ಲಿ ದೂರ ಹೋಗುತ್ತವೆ. ಹತ್ತಿರ ಇರುವಲ್ಲಿ ಬಿಗಿ ಹೇರ್‌ಪಿನ್, ದೂರ ಇರುವಲ್ಲಿ ತೆರೆದ ತಿರುವು. ಅಷ್ಟೇ ಜಾಗದಲ್ಲಿ ಎರಡು ಬೇರೆ ಬೇರೆ ಸ್ವಭಾವ ಸಿಗುತ್ತದೆ.

ಆ ತೆರೆದ ತಿರುವು ಮುಖ್ಯ ಸ್ಟ್ರೇಟಿಗೆ ಮುಂಚೆ ಬರಬೇಕು, ಬಿಗಿಯಾದದ್ದು ಅದರ ಕೊನೆಗೆ. ಉಲ್ಟಾ ಮಾಡಿದರೆ ಜಾಗವೆಲ್ಲ ದಂಡ. ಗೆರೆಯ ತ್ರಿಜ್ಯ 9 ಮೀಟರ್ ಸಿಕ್ಕರೆ 30 ಕಿ.ಮೀ. ವೇಗದಲ್ಲಿ ಸ್ಟ್ರೇಟಿಗೆ ಬರುತ್ತಾರೆ. 24ರಲ್ಲಿ ಹೊರಬಂದರೂ, ಕಾರ್ಟ್ ಪ್ರತಿ ಸೆಕೆಂಡಿಗೆ 2 ಮೀಟರಿನಷ್ಟು ವೇಗ ಹೆಚ್ಚಿಸಿಕೊಂಡರೆ, 28 ಮೀಟರಿನಲ್ಲಿ 45 ಕಿ.ಮೀ. ಮುಟ್ಟುತ್ತದೆ. ಅಲ್ಲಿಂದ ಮತ್ತೆ 24ಕ್ಕೆ ಇಳಿಯಲು ಹಿಂದಿನ ಬ್ರೇಕಿನಿಂದ ಸುಮಾರು 14 ಮೀಟರ್ ಬೇಕು. ಒಟ್ಟು 42. ನಿಮ್ಮ 70 ಮೀಟರಿನಲ್ಲಿ ಎರಡು ತುದಿಯ ತಿರುವು ಕಳೆದು 55 ಮೀಟರ್ ಸಿಗುತ್ತದೆ. ಆರಾಮಾಗಿ ಸಾಕು. ಇನ್ನೂ ಉದ್ದ ಬೇಕು ಅಂತ ಹೆಣಗಬೇಡಿ.

ಬ್ರೇಕ್ ಹಾಕುವ ಕೊನೆಯ 14 ಮೀಟರಿನಲ್ಲಿ ದಾರಿಯನ್ನು 6ರಿಂದ 8 ಮೀಟರಿಗೆ ಅಗಲ ಮಾಡಿ. ಹಿಂದಿನವನಿಗೆ ಒಳಗಡೆ ನುಗ್ಗಲು ಧೈರ್ಯ ಬರುವುದು ಅಷ್ಟು ಜಾಗ ಕಂಡಾಗ. ಮತ್ತೆ, ಆ ಹೇರ್‌ಪಿನ್ ಬಲಕ್ಕಿದ್ದರೆ ಅದರ ಮುಂದಿನ ತಿರುವು ಎಡಕ್ಕಿರಲಿ. ಬಲ ತಿರುವಿನಲ್ಲಿ ಹೊರಗೆ ಉಳಿದವನು ಎಡ ತಿರುವಿಗೆ ಬರುವಾಗ ತಾನೇ ಒಳಗಿರುತ್ತಾನೆ. ದಾಟಿಸಿಕೊಂಡವನು ತಕ್ಷಣ ಎದುರೇಟು ಕೊಡಬಹುದು. ಇಂಥ ಒಂದು ಜೋಡಿ ತಿರುವು ಇದ್ದರೆ ಹುಡುಗರು ರೇಸ್ ಮುಗಿದ ಮೇಲೂ ಹೆಲ್ಮೆಟ್ ತೆಗೆಯುತ್ತಾ ಅದನ್ನೇ ಮಾತಾಡುತ್ತಿರುತ್ತಾರೆ.

ಮೇಲ್ಸೇತುವೆ ಮಾಡಿ ಎರಡಂತಸ್ತು ಮಾಡೋಣವಾ ಅಂತಲೂ ಕೇಳಿದ್ದೀರಿ. ದುಡ್ಡು ಜಾಸ್ತಿ, ಸೇತುವೆ ಕೆಳಗೆ ಮಾರ್ಷಲ್‌ಗೆ ಏನೂ ಕಾಣುವುದಿಲ್ಲ. ಸದ್ಯಕ್ಕೆ ಬಿಡಿ.

ಬ್ಯಾರಿಯರ್ ವಿಷಯದಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. ಬರೀ ಟೈರು ಜೋಡಿಸಿಟ್ಟರೆ ಕಾರ್ಟಿನ ಮೂಗು ಎರಡು ಟೈರಿನ ನಡುವೆ ಸಿಕ್ಕಿಕೊಂಡು ಗಕ್ಕನೆ ನಿಲ್ಲುತ್ತದೆ. ಮುಖಕ್ಕೆ ಕನ್ವೇಯರ್ ಬೆಲ್ಟ್ ಬಿಗಿದರೆ ಜಾರಿಕೊಂಡು ಹೋಗುತ್ತದೆ. ಒಂದಕ್ಕೊಂದು ಕೊಂಡಿ ಹಾಕುವ ಪ್ಲಾಸ್ಟಿಕ್ ಬ್ಯಾರಿಯರ್ ಇದ್ದರೆ ಇನ್ನೂ ವಾಸಿ. ಗುದ್ದುವ ಕೋನವೇ ಇಲ್ಲಿ ದೊಡ್ಡದು. 15 ಡಿಗ್ರಿಯಲ್ಲಿ ಸವರಿಕೊಂಡು ಹೋದರೆ, ನೇರ ಗುದ್ದಿದಾಗ ಬೀಳುವ ಶಕ್ತಿಯಲ್ಲಿ ಹದಿನೈದರಲ್ಲಿ ಒಂದು ಪಾಲಷ್ಟೇ ಬ್ಯಾರಿಯರ್ ಕಡೆಗೆ ಹೋಗುತ್ತದೆ. ಆದ್ದರಿಂದ ತಿರುವು ಮುಗಿಯುವಲ್ಲಿ ಹೊರಗಿನ ಬ್ಯಾರಿಯರ್ ದಾರಿಯ ಜೊತೆಗೇ ನಿಧಾನವಾಗಿ ಬಾಗುತ್ತಾ ಹೋಗಲಿ. ಸ್ಟ್ರೇಟಿನ ಕೊನೆಯಲ್ಲಿ ನೇರ ಗುದ್ದುವುದು ತಪ್ಪದು. ಅಲ್ಲಿ ಎರಡು ಮೂರು ಸಾಲು ಹಾಕಿ, ಹಿಂದೆ ಸರಿಯಲು ಜಾಗ ಬಿಡಿ. 45 ಕಿ.ಮೀ. ವೇಗದಲ್ಲಿ ಗುದ್ದುವುದು 30ರ ವೇಗದಲ್ಲಿ ಗುದ್ದುವುದಕ್ಕಿಂತ ಒಂದೂವರೆ ಪಟ್ಟಲ್ಲ, ಎರಡೂ ಕಾಲು ಪಟ್ಟು.

ಎದುರು ಬದುರು ಓಡುವ ಎರಡು ಸಾಲಿನ ನಡುವೆ ಒಂದೇ ಬ್ಯಾರಿಯರ್ ಇದ್ದರೆ, ಈ ಕಡೆ ಗುದ್ದಿದಾಗ ಅದು ಆ ಕಡೆಯ ದಾರಿಗೆ ನುಗ್ಗುತ್ತದೆ. ಆ ಕಡೆಯವನು ಎದುರಿನಿಂದ ಬರುತ್ತಿರುತ್ತಾನೆ. ವೇಗದ ಜಾಗಗಳಲ್ಲಾದರೂ ಎರಡು ಸಾಲು ಹಾಕಿ ನಡುವೆ ಸಂದು ಬಿಡಿ. ಕಂಬಗಳಿದ್ದರೆ ಆ ಸಂದಿನೊಳಗೇ ಮುಚ್ಚಿಹೋಗುವಂತೆ ಎಳೆಯಿರಿ. ಯಾವ ಕಂಬವೂ ಬ್ರೇಕ್ ಜಾಗದ ತುದಿಗೆ ಬರಬಾರದು, ಎಷ್ಟೇ ಸ್ಪಂಜ್ ಸುತ್ತಿದರೂ.

ಪಿಟ್ಟಿಗೆ ಒಳಗೆ ಹೋಗುವ ದಾರಿ ನಿಧಾನದ ತಿರುವು ಆದ ಮೇಲೆ ಇರಲಿ, ಸ್ಟ್ರೇಟಿನ ಕೊನೆಗೆ ಬೇಡ. ಒಳಗೆ ಬಂದ ಕೂಡಲೇ ಒಂದು ಸಣ್ಣ ವಂಕಿ ಇದ್ದರೆ ಯಾರೂ ಜೋರಾಗಿ ನುಗ್ಗಲಾರರು. ಲ್ಯಾಪ್ ಸಮಯ ಅಳೆಯುವ ಟೈಮಿಂಗ್ ಕೇಬಲ್ ನೆಲ ಕೊರೆದು ಹಾಕಿದ್ದರೆ ಅದನ್ನು ಕದಲಿಸಬೇಡಿ, ಸ್ಟಾರ್ಟ್ ಲೈನ್ ಅಲ್ಲೇ ಇಟ್ಟುಕೊಂಡು ಉಳಿದದ್ದನ್ನು ಅದರ ಸುತ್ತ ಎಳೆಯಿರಿ. ಟ್ರ್ಯಾಕ್ ಉದ್ದ ಮಾಡುವ ಆಸೆಗೆ ಹೆಲ್ಮೆಟ್ ಹಾಕಿಸುವ ಜಾಗವನ್ನು ತಿನ್ನಬೇಡಿ. 2018ರಲ್ಲಿ ಹರಿಯಾಣದ ಪಿಂಜೋರ್ ಉದ್ಯಾನದಲ್ಲಿ ಕಾರ್ಟಿಗೆ ಕೂದಲು ಸಿಕ್ಕಿಕೊಂಡು ಒಬ್ಬ ಮಹಿಳೆ ತೀರಿಹೋದರು. ಜಡೆ, ದುಪಟ್ಟಾ, ಸೆರಗು ನೋಡಿ ಕಟ್ಟಿಸಲು ಬೆಳಕಿರುವ, ನೂಕುನುಗ್ಗಲಿಲ್ಲದ ಒಂದು ಮೂಲೆ ಬೇಕೇ ಬೇಕು.

ಕರೆಂಟ್ ಹೋದರೆ ಏನಾಗುತ್ತದೆ ಅಂತ ಯೋಚಿಸಿದ್ದೀರಾ? ದೀಪ ಆರುತ್ತದೆ, ಕಾರ್ಟ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ. ಜನರೇಟರ್ ಎದ್ದೇಳಲು ಹತ್ತು ಸೆಕೆಂಡ್ ತಗೊಂಡರೂ ಅಷ್ಟರಲ್ಲಿ ಕಾರ್ಟ್ 100 ಮೀಟರ್ ಕತ್ತಲಲ್ಲಿ ಹೋಗಿರುತ್ತದೆ. ಪ್ರತಿ ಬ್ರೇಕ್ ಜಾಗದ ಮೇಲೆ ಯುಪಿಎಸ್‌ನಿಂದ ಉರಿಯುವ ಒಂದು ದೀಪ ಹಾಕಿಸಿ. ರಿಮೋಟಿನಿಂದ ಎಲ್ಲ ಕಾರ್ಟ್‌ಗಳ ವೇಗ ಇಳಿಸುವ ವ್ಯವಸ್ಥೆ ಇದ್ದರೆ ಅದೂ ಯುಪಿಎಸ್ ಮೇಲೇ ಇರಲಿ.

ಬ್ಯಾರಿಯರ್ ಕೂರಿಸುವ ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೋನ್ ಇಟ್ಟು ಓಡಿಸಿ ನೋಡಿ. ಇದೇನೂ ಬಡವರ ಉಪಾಯ ಅಲ್ಲ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಮೊದಲ ಕಾರ್ಟ್ ಕಟ್ಟಿದಾಗ ಓಡಿಸಿ ನೋಡಿದ್ದು ಪಾಸಡೀನಾದ ರೋಸ್ ಬೌಲ್ ಪಾರ್ಕಿಂಗ್ ಜಾಗದಲ್ಲಿ. ನಿಮ್ಮ ಬೆಸ್ಟ್ ಡ್ರೈವರ್ ಒಬ್ಬನನ್ನೇ ಕೂರಿಸಬೇಡಿ. ಜೀವನದಲ್ಲಿ ಸ್ಟೀರಿಂಗ್ ಹಿಡಿಯದ ಒಬ್ಬರನ್ನೂ ಕೂರಿಸಿ. ಅಕೌಂಟೆಂಟೋ, ಪಕ್ಕದ ಅಂಗಡಿಯವರೋ. ಎಲ್ಲಿ ಗಲಿಬಿಲಿಯಾಗುತ್ತಾರೆ, ಯಾವ ತಿರುವು ತಡವಾಗಿ ಕಾಣುತ್ತದೆ ಅಂತ ಅವರೇ ತೋರಿಸಿಕೊಡುತ್ತಾರೆ. ಅದೇ ರಾತ್ರಿ ಉಲ್ಟಾ ದಿಕ್ಕಿನಲ್ಲೂ ಓಡಿಸಿ. ಚೆನ್ನಾಗಿ ಬಂದರೆ ಒಂದೇ ಖರ್ಚಿಗೆ ಎರಡು ಲೇಔಟ್ ಸಿಕ್ಕಿದ ಹಾಗೆ. ಆದರೆ ಉಲ್ಟಾ ಓಡಿಸುವ ದಿನ ಬ್ಯಾರಿಯರ್ ಜೋಡಣೆಗಳ ಅಂಚು ಬರುವ ಕಾರ್ಟಿಗೆ ಎದುರಾಗಿಲ್ಲ ಅಂತ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಬೇಕು. ಪಿಟ್ ದಾರಿಯೂ ಎರಡೂ ದಿಕ್ಕಿಗೆ ಹೊಂದಬೇಕು.

ಶುರುವಾದ ಮೊದಲ ವಾರ ವೇಗವನ್ನು 35ಕ್ಕೆ ಕಟ್ಟಿಹಾಕಿ. ಹಳೇ ಟ್ರ್ಯಾಕಿನ ರಬ್ಬರ್ ನೆಲದಲ್ಲಿ ಇನ್ನೂ ಅಂಟಿರುತ್ತದೆ, ಹೊಸ ಗೆರೆ ಅದನ್ನು ಅಡ್ಡಡ್ಡ ದಾಟುತ್ತದೆ. ಒಂದು ಮೀಟರ್ ಹಿಡಿತ, ಮುಂದಿನ ಮೀಟರ್ ಜಾರು. ಹೊಸ ಗೆರೆ ಕಪ್ಪಾಗುವವರೆಗೆ ಲ್ಯಾಪ್ ರೆಕಾರ್ಡ್ ಬೋರ್ಡ್ ತೆರೆಯಬೇಡಿ. ಆಮೇಲೆ ಹಳೇ ಹೆಸರುಗಳನ್ನೆಲ್ಲ ಅಳಿಸಿ ಖಾಲಿ ಬೋರ್ಡ್ ನೇತುಹಾಕಿ. ಬೋರಾಗಿದೆ ಅಂದ ಹುಡುಗರೇ ಮೊದಲು ಬರುತ್ತಾರೆ.