ಶಾರ್ಜಾದ ಬಾಡಿಗೆ, ನೀರ್ಚಾಲಿನ ಬಸ್ಸು

ತಮ್ಮಾ, ನಿನ್ನ ಪತ್ರ ಓದಿದೆ. ದುಬೈಯ ದೇರಾದಲ್ಲಿ ಕೆಲಸ ಸಿಕ್ಕಿದೆ, ಶಾರ್ಜಾದಲ್ಲಿ ರೂಮು ಕಡಿಮೆಗೆ ಸಿಗುತ್ತದಂತೆ, ನಕ್ಷೆಯಲ್ಲಿ ನೋಡಿದರೆ ಹದಿನೈದು ಕಿಲೋಮೀಟರೇ ಇರುವುದು, ಅಲ್ಲೇ ಹಿಡಿಯಲಾ ಅಂತ ಕೇಳಿದ್ದೀಯ. ಕೊನೆಯಲ್ಲಿ 'ಊರು ತುಂಬ ನೆನಪಾಗ್ತದಾ ಅಣ್ಣಾ' ಅಂತ ಒಂದು ಸಾಲು. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಹಿಡಿಯಬೇಡ ಮಾರಾಯಾ.

ಹದಿನೈದು ಕಿಲೋಮೀಟರು ಅಂದ ಕೂಡಲೇ ನಿನ್ನ ತಲೆಗೆ ಬರುವುದು ನಮ್ಮ ಕಾಸರಗೋಡಿನ ಪೆರ್ಲದಿಂದ ಬದಿಯಡ್ಕ. ಬಸ್ಸು ಹತ್ತಿ ಒಂದು ತೂಕಡಿಕೆ ತೆಗೆದರೆ ಮುಗಿಯಿತು. ಇಲ್ಲಿ ಅಲ್ ಇತ್ತಿಹಾದ್ ರಸ್ತೆ ಅಂತ ಒಂದುಂಟು, ಶಾರ್ಜಾದಿಂದ ದುಬೈಗೆ. ರಸ್ತೆ ಅಗಲ, ನುಣುಪು, ಒಂದು ಹೊಂಡ ಇಲ್ಲ. ಆದರೆ ಬೆಳಿಗ್ಗೆ ಅದರಲ್ಲಿ ಕಾರುಗಳು ಅಂಗಳದಲ್ಲಿ ಒಣಹಾಕಿದ ಅಡಿಕೆಯ ಹಾಗೆ ಬಿದ್ದುಕೊಂಡಿರುತ್ತವೆ. ಶಾರ್ಜಾಕ್ಕೆ ಮೆಟ್ರೋ ಇಲ್ಲ. ನಾನು ಬಂದ ಹೊಸತಿನಲ್ಲಿ ಹದಿನಾಲ್ಕು ತಿಂಗಳು ಅಲ್ಲೇ ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಹಲವರ ಕೋಣೆಯಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದು, ಇದ್ದೆ. ಎಂಟೂವರೆಯ ಕೆಲಸಕ್ಕೆ ಐದು ಕಾಲಿಗೆ ಏಳುವುದು. ಸಂಜೆ ಆರಕ್ಕೆ ಹೊರಟರೆ ರೂಮು ಸೇರುವಾಗ ಎಂಟು. ನನ್ನ ಸರದಿಯ ಅಡುಗೆ ಇದ್ದ ದಿನ ಊಟ ಹತ್ತಕ್ಕೆ. ಬಾಡಿಗೆಯಲ್ಲಿ ಉಳಿದ ದುಡ್ಡು ತಡವಾದ ದಿನಗಳ ಟ್ಯಾಕ್ಸಿಗೆ ಹೋಯಿತು. ನಿದ್ದೆ ಹೋದದ್ದು ಬೇರೆ.

ಕಾರ್‌ಲಿಫ್ಟ್ ಅಂತ ಒಂದು ಶಬ್ದ ಕೇಳುತ್ತೀ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಯಾರೋ ಅವರ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಅನುಮತಿ ಇಲ್ಲದೆ ಓಡಿಸುವವರೇ ಜಾಸ್ತಿ, ಸಿಕ್ಕಿಬಿದ್ದರೆ ದಂಡ. ನನ್ನ ಕಾರ್‌ಲಿಫ್ಟಿನವನು ಒಂದು ದಿನ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಮಾರ್ಗದ ಬದಿಯಲ್ಲಿ ಎಂಟು ಗಂಟೆಯವರೆಗೆ ಕಾದೆ.

ಗಡಿ ನಮಗೇನೂ ಹೊಸದಲ್ಲ, ಅಲ್ವಾ. ಪೆಟ್ರೋಲು ಕಡಿಮೆ ಅಂತ ತಲಪಾಡಿ ದಾಟಿ ಕರ್ನಾಟಕದಲ್ಲಿ ಹಾಕಿಸಿಕೊಂಡು ಬರುವವರು ನಾವು. ಶಾರ್ಜಾದ ಬಾಡಿಗೆಯೂ ಅದೇ ಲೆಕ್ಕ. ಗಡಿ ದಾಟಿದ ಕೂಡಲೇ ಇಳಿಯುತ್ತದೆ. ಆದರೆ ಪೆಟ್ರೋಲಿಗೆ ದಿನಾ ಹೋಗುವುದಿಲ್ಲವಲ್ಲ.

ಹಾಗಾಗಿ ಮೆಟ್ರೋ ಸ್ಟೇಷನಿನಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಮೂಲೆ ಹುಡುಕು. ಕೋಣೆ ಸಣ್ಣದಾದರೂ ಅಡ್ಡಿಯಿಲ್ಲ. ನಡೆಯುವುದು ಹತ್ತು ನಿಮಿಷದ ಒಳಗಿರಲಿ. ಜುಲೈಯಲ್ಲಿ ಹತ್ತು ನಿಮಿಷ ನಡೆದರೆ ಅಂಗಿ ಕೆರೆಯಲ್ಲಿ ಮುಳುಗಿಸಿ ತೆಗೆದಷ್ಟು ಚಂಡಿ. ಸ್ಟೇಷನಿಗೆ ಮುಟ್ಟಿಸುವ ಫೀಡರ್ ಬಸ್ಸು ಇದೆ, ಎಸಿ ಇರುವ ಬಸ್ ಸ್ಟಾಪುಗಳೂ ಇವೆ. ಆದರೆ ಎಸಿ ಕೆಟ್ಟ ದಿನವೇ ಬಸ್ಸು ತಡವಾಗುವುದು. ಇದಕ್ಕೆ ನನ್ನಲ್ಲಿ ಆಧಾರ ಇಲ್ಲ, ಅನುಭವ ಮಾತ್ರ.

ಮೆಟ್ರೋ ಶುರುವಾದದ್ದು 2009ರ ಸೆಪ್ಟೆಂಬರ್ 9ಕ್ಕೆ. ಡ್ರೈವರ್ ಇಲ್ಲ. ಟಿಕೆಟಿನ ಬದಲು ನೋಲ್ ಅನ್ನುವ ಕಾರ್ಡ್ ಒತ್ತಿ ಒಳಗೆ ಹೋಗುವುದು. ಸಿಲ್ವರ್ ಕಾರ್ಡಾದರೆ ಒಂದು ವಲಯದೊಳಗೆ 3 ದಿರ್ಹಮ್, ಪಕ್ಕದ ವಲಯಕ್ಕೆ 5, ಅದಕ್ಕಿಂತ ದೂರಕ್ಕೆ 7.50. ಇಳಿದು ಅರ್ಧ ಗಂಟೆಯೊಳಗೆ ಬಸ್ಸು ಹತ್ತಿದರೆ ಎರಡೂ ಸೇರಿ ಒಂದೇ ಪ್ರಯಾಣದ ಲೆಕ್ಕ. ಅವಸರದಲ್ಲಿ ಗುಲಾಬಿ ಗೆರೆ ದಾಟಿ ಹೆಂಗಸರ ಡಬ್ಬಿಯಲ್ಲಿ ನಿಲ್ಲಬೇಡ, 100 ದಿರ್ಹಮ್ ದಂಡ. ಏನಾದರೂ ತಿಂದರೂ ಕುಡಿದರೂ ಅಷ್ಟೇ. ಎಲೆ ಅಡಿಕೆಯ ಅಭ್ಯಾಸ ಇದ್ದರೆ ಅದನ್ನು ಊರಲ್ಲೇ ಬಿಟ್ಟು ಬಾ. ಸ್ಟೇಷನ್ ಹೆಸರನ್ನೂ ಬಾಯಿಪಾಠ ಮಾಡಬೇಡ. ಹೆಸರು ಕಂಪೆನಿಗಳಿಗೆ ಮಾರಾಟಕ್ಕುಂಟು. ನಾನು ಬಂದಾಗ ರಾಶಿದಿಯಾ ಇದ್ದದ್ದು ಈಗ ಸೆಂಟರ್‌ಪಾಯಿಂಟ್.

ಅಮ್ಮ ಒಮ್ಮೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ಮುಂದಿನ ಗಾಜಿನ ಹತ್ತಿರ ನಿಲ್ಲಿಸಿ ಹಳಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. 'ಡ್ರೈವರ್ ಇಲ್ಲದ ಮೇಲೆ ಇಲ್ಲೇ ಇಳಿಯುವುದುಂಟು ಅಂತ ಯಾರಿಗೆ ಹೇಳುವುದು?' ಅಂತ ಕೇಳಿದರು.

ಅಮ್ಮನ ತಲೆಯಲ್ಲಿದ್ದದ್ದು ಊರಿನ ಬಸ್ಸು, ಅದು ನಿನಗೂ ಗೊತ್ತು. ನಮ್ಮದು ಕುಂಬಳೆಯಿಂದ ಸೀತಾಂಗೋಳಿಯಾಗಿ ನೀರ್ಚಾಲಿಗೆ ಬಂದು ಬದಿಯಡ್ಕಕ್ಕೆ ಹೋಗುವ ಬಸ್ಸು. ಬೋರ್ಡು ಮಲಯಾಳದಲ್ಲಿ. ಅಜ್ಜಿಗೆ ಮಲಯಾಳ ಓದಲು ಬರುತ್ತಿರಲಿಲ್ಲ. ನಾವು ಮಕ್ಕಳು ಬಸ್ಸಿನ ಬಣ್ಣ, ಹಾರ್ನಿನ ಸ್ವರ ಕೇಳಿ ಇಂಥದ್ದೇ ಅಂತ ಹೇಳುತ್ತಿದ್ದೆವು. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಯಾರೋ ಎಳೆದ ಗೆರೆಯಿಂದ ಅಜ್ಜಿ ತನ್ನ ಊರಿನ ಬಸ್ ಸ್ಟಾಪಿನಲ್ಲೇ ಅನಕ್ಷರಸ್ಥೆ ಆಗಿದ್ದರು. ಅದನ್ನು ಅವರು ಯಾವತ್ತೂ ದೂರಾಗಿ ಹೇಳಿದ್ದಿಲ್ಲ. ಬಸ್ಸು ನಿಂತಾಗ 'ಬದಿಯಡ್ಕಕ್ಕಾ ಮಗಾ' ಅಂತ ಕ್ಲೀನರನ್ನು ಕೇಳುವುದು, ಅಷ್ಟೇ.

ಕನ್ಸೆಶನ್ ಮಕ್ಕಳೆಂದರೆ ಕಂಡಕ್ಟರಿಗೆ ಅಷ್ಟಕ್ಕಷ್ಟೆ. ಪೂರ್ತಿ ದುಡ್ಡು ಕೊಡುವವರು ಹತ್ತಿ, ಡಬಲ್ ಬೆಲ್ ಬಿದ್ದು, ಚಕ್ರ ತಿರುಗಲು ಶುರುವಾದ ಮೇಲೆಯೇ ನಮಗೆ ಹತ್ತಲು ಬಿಡುವುದು. ಮಳೆಯಲ್ಲಿ ನಿಂತು ಕಾಯುವಾಗ ಆ ಕಂಡಕ್ಟರಿಗೆ ಎಷ್ಟು ಶಾಪ ಹಾಕಿದ್ದೇವೋ. ಬಸ್ಸಿನ ಕಿಟಕಿಗೆ ಗಾಜು ಇರಲಿಲ್ಲ, ಸುರುಳಿ ಸುತ್ತಿ ಕಟ್ಟಿದ ಟರ್ಪಾಲು. ಜೂನ್ ಬಂತೆಂದರೆ ಅದನ್ನು ಬಿಚ್ಚಿ ಇಳಿಸುವುದು. ಒಳಗೆ ಹಗಲಲ್ಲೇ ಕತ್ತಲೆ, ಚಂಡಿ ಕೊಡೆಗಳ ವಾಸನೆ, ಯಾರದೋ ಬುಟ್ಟಿಯ ಒಣಮೀನಿನ ವಾಸನೆ. ಕಿಟಕಿ ಬದಿಯಲ್ಲಿ ಕೂತವನ ಒಂದು ತೊಡೆ ಯಾವಾಗಲೂ ಚಂಡಿ. ಆದರೂ ಆ ಸೀಟಿಗೇ ಜಗಳ. ಟರ್ಪಾಲಿನ ಅಂಚನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರೆ ತೋಡು ಕೆಂಪಾಗಿ ಉಕ್ಕಿ ಹರಿಯುವುದು ಕಾಣುತ್ತಿತ್ತು.

ಮತ್ತೊಂದು ಉಂಟು. ನಿಂತವನ ಬ್ಯಾಗನ್ನು ಕೂತವರು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುವುದು. ಯಾರೂ ಕೇಳುವುದಿಲ್ಲ, ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಗುರುತು ಇರಬೇಕೆಂದೂ ಇಲ್ಲ. ನನ್ನ ಬ್ಯಾಗು ಎಷ್ಟೋ ಸಲ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹೋಗಿ, ಇಳಿಯುವಾಗ ಐದಾರು ಕೈ ದಾಟಿ ಕಿಟಕಿಯಿಂದ ಹೊರಗೆ ಬರುತ್ತಿತ್ತು.

ಇಲ್ಲಿ ಬಂದ ಮೊದಲ ವಾರ, ಮೆಟ್ರೋದಲ್ಲಿ ನನಗೆ ಸೀಟು ಸಿಕ್ಕಿತು. ಎದುರಿಗೆ ಒಬ್ಬ ಮನುಷ್ಯ ಹೆಗಲಿಗೆ ಲ್ಯಾಪ್‌ಟಾಪು, ಕೈಯಲ್ಲಿ ಬುತ್ತಿ ಹಿಡಿದು ನಿಂತಿದ್ದ. ನಾನು ಅಭ್ಯಾಸಬಲದಿಂದ ಕೈ ಚಾಚಿ ಅವನ ಬ್ಯಾಗಿನ ಪಟ್ಟಿ ಹಿಡಿದೆ. ಅವನು ಬೆಚ್ಚಿಬಿದ್ದು ಬ್ಯಾಗನ್ನು ಎದೆಗೆ ಒತ್ತಿಕೊಂಡು ಆಚೆ ಬಾಗಿಲಿಗೆ ಹೋದ. ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡಿದರು. ಮುಂದಿನ ಸ್ಟೇಷನಿನಲ್ಲಿ ಸುಮ್ನೆ ಇಳಿದುಬಿಟ್ಟೆ. ನನ್ನ ಸ್ಟೇಷನ್ ಇನ್ನೂ ನಾಲ್ಕು ಆಚೆ ಇತ್ತು.

ಊರು ನೆನಪಾಗುತ್ತದಾ ಅಂತ ಕೇಳಿದೆಯಲ್ಲ, ಹೀಗೆ ಆಗುತ್ತದೆ. ಹಬ್ಬದ ದಿನಕ್ಕಿಂತ ಹೆಚ್ಚು ಇಂಥ ಹೊತ್ತಿನಲ್ಲಿ.

2024ರ ಏಪ್ರಿಲ್ 16ರ ಮಳೆಯ ಸುದ್ದಿ ನೀನೂ ಓದಿರಬಹುದು. 1949ರಿಂದ ದಾಖಲೆ ಇಟ್ಟದ್ದರಲ್ಲಿ ಈ ದೇಶಕ್ಕೆ ಅಷ್ಟು ದೊಡ್ಡ ಮಳೆ ಬಂದದ್ದಿಲ್ಲವಂತೆ. ಅಲ್ ಐನ್ ಕಡೆಯ ಒಂದು ಜಾಗದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್. ಮೆಟ್ರೋ ನಿಂತಿತು. ನಾಲ್ಕು ಸ್ಟೇಷನ್ ಮತ್ತೆ ಬಾಗಿಲು ತೆರೆಯುವಾಗ ಮೇ ತಿಂಗಳು ಅರ್ಧ ದಾಟಿತ್ತು. ಆ ಸಂಜೆ ನಾನು ಪ್ಯಾಂಟು ಮಡಚಿ, ಶೂ ಕೈಯಲ್ಲಿ ಹಿಡಿದು, ಮೊಣಕಾಲು ನೀರಿನಲ್ಲಿ ಎರಡು ಗಂಟೆ ನಡೆದು ಮನೆ ಸೇರಿದೆ. ಜೊತೆಗಿದ್ದವರು ಹೆದರಿದ್ದರು. ಜನರಿಗೆ ನಷ್ಟ ಆಗಿದೆ, ಹೀಗೆ ಹೇಳಬಾರದು, ಆದರೆ ನನಗೆ ಒಳಗೊಳಗೆ ಗಮ್ಮತ್ತೇ ಆಯಿತು. ಕಾಲಿಗೆ ಆ ನಡಿಗೆ ಗೊತ್ತಿತ್ತು.

ರಜೆಯ ದಿನ ದೇರಾದಿಂದ ಬರ್ ದುಬೈಗೆ ಅಬ್ರಾದಲ್ಲಿ ಹೋಗು. ಅಬ್ರಾ ಅಂದರೆ ದೋಣಿ. 1 ದಿರ್ಹಮ್. ಬೆಂಚಿನಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕೂತ ಜನ, ಡೀಸೆಲ್ ಹೊಗೆ, ಉಪ್ಪು ಗಾಳಿ. ನಮ್ಮ ಕಡವಿನ ದೋಣಿಗೆ ಇಂಜಿನು ಕೂರಿಸಿದ ಹಾಗೆ. ಈ ಊರಿನ ವಾಹನಗಳಲ್ಲಿ ನನಗೆ ಸಿಟ್ಟು ಬರದೆ ಇರುವುದು ಅದೊಂದರ ಮೇಲೆ.

ಟಿಕೆಟಿನಲ್ಲಿ ಟರ್ಮಿನಲ್ ಯಾವುದೆಂದು ನೋಡಿ ಬರೆ. 1, 3 ಆದರೆ ಅಲ್ಲಿಂದಲೇ ಮೆಟ್ರೋ. 2 ಆದರೆ ಮೆಟ್ರೋ ಇಲ್ಲ, ಬಸ್ಸು. ಹೇಗೂ ನಾನು ಬಂದು ನಿಂತಿರುತ್ತೇನೆ. ಸೀಟು ಒಂದೇ ಸಿಕ್ಕಿದರೆ ನಾನು ಕೂರುತ್ತೇನೆ, ನಿನ್ನ ಬ್ಯಾಗು ಕೊಡು.