ಇನ್ನೂ ಒಂದು ಜಾಗ ಸೇರಿಸಬಹುದಾ?

ಪ್ರವಾಸದ ಪ್ಲಾನ್ ಮಾಡಿಕೊಡುವ ಕೆಲಸಕ್ಕೆ ಇಳಿದು 22 ವರ್ಷ ಆಯಿತು. ಅಕ್ಟೋಬರ್ ಬಂತೆಂದರೆ ಅದೇ ಪ್ರಶ್ನೆಗಳು. ಕೇಳುವವರ ಊರು ಬೇರೆ, ಹೆಸರು ಬೇರೆ, ಜಾಗಗಳ ಪಟ್ಟಿ ಮಾತ್ರ ಒಂದೇ. ಈ ಸಲ ಒಬ್ಬರಿಗೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಮಿಕ್ಕವರಿಗೆ ಒಂದೊಂದು ಸಾಲು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಡಿಸೆಂಬರ್ 25ರಿಂದ ನಾಲ್ಕು ದಿನ ಬೆಂಗಳೂರಿನಿಂದ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಹೊರಡುತ್ತಿದ್ದೇವೆ. ಹನ್ನೊಂದು ಜನ. ಅಪ್ಪನಿಗೆ 71, ಅಮ್ಮನಿಗೆ 66, ಮಂಡಿ ನೋವಿದೆ. ಚಿಕ್ಕ ಮಗುವಿಗೆ 4 ವರ್ಷ. ಮೊದಲ ದಿನ ಬೇಲೂರು, ಹಳೇಬೀಡು, ಚಿಕ್ಕಮಗಳೂರು, ರಾತ್ರಿಗೆ ಹೊರನಾಡು. ಎರಡನೇ ದಿನ ಶೃಂಗೇರಿ, ಆಗುಂಬೆ ಸೂರ್ಯಾಸ್ತ, ಉಡುಪಿ. ಮೂರನೇ ದಿನ ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ. ನಾಲ್ಕನೇ ದಿನ ಜೋಗ, ಇಕ್ಕೇರಿ ನೋಡಿ ರಾತ್ರಿ ಬೆಂಗಳೂರು. ಹೋದ ವರ್ಷ ಹೀಗೇ ಹೋಗಿ ಮನೆಮಂದಿಯೆಲ್ಲ ಜಗಳ ಆಡಿಕೊಂಡು ಬಂದೆವು. ಈ ಸಲ ಟೆನ್ಶನ್ ಇಲ್ಲದೆ ಆರಾಮಾಗಿ ಹೋಗಿಬರಬೇಕು. ಇನ್ನೂ ಒಂದೆರಡು ಜಾಗ ಸೇರಿಸಬಹುದಾ?

ಉತ್ತರ: ಆರಾಮಾಗಿ ಅಂತಲೂ ಬರೆದಿದ್ದೀರಿ, ಇನ್ನೂ ಒಂದೆರಡು ಜಾಗ ಅಂತಲೂ ಬರೆದಿದ್ದೀರಿ. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ.

ನಿಮ್ಮ ಪಟ್ಟಿಯನ್ನು ಲೆಕ್ಕ ಹಾಕಿ ನೋಡಿದೆ. ಹೆಚ್ಚು ಕಡಿಮೆ 1,250 ಕಿಲೋಮೀಟರ್ ಆಗುತ್ತದೆ. ಅದರಲ್ಲಿ ಬಹಳಷ್ಟು ಮಲೆನಾಡಿನ ತಿರುವು, ಘಾಟಿ. ಮೊಬೈಲಿನ ಮ್ಯಾಪು ತೋರಿಸುವ ಹೊತ್ತು ಒಬ್ಬನೇ ಕಾರಿನಲ್ಲಿ ಎಲ್ಲೂ ನಿಲ್ಲಿಸದೆ ಹೋಗುವವನದು. ಹನ್ನೊಂದು ಜನರ ಟಿಟಿ ಒಂದು ಸಲ ಕಾಫಿಗೆ ನಿಂತರೆ ನಲವತ್ತು ನಿಮಿಷ. ಐದು ಜನ ಬಾತ್‌ರೂಮಿನ ಹತ್ತಿರ, ಇಬ್ಬರು ಚಿಪ್ಸ್ ಅಂಗಡಿಯಲ್ಲಿ, ಒಬ್ಬರ ಚಪ್ಪಲಿ ಕಾಣುತ್ತಿಲ್ಲ.

ಮೊದಲ ದಿನವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ 6ಕ್ಕೆ ಹೊರಡುತ್ತೇವೆ ಅಂದುಕೊಂಡು 7ಕ್ಕೆ ಹೊರಡುತ್ತೀರಿ. ತಿಂಡಿ ಮುಗಿಸಿ 220 ಕಿ.ಮೀ. ದಾಟಿ ಬೇಲೂರು ಮುಟ್ಟುವಾಗ ಮಧ್ಯಾಹ್ನ 12. ಎರಡೂ ದೇವಸ್ಥಾನ, ನಡುವೆ ಊಟ, ಅಲ್ಲಿಗೆ 4 ಗಂಟೆ. ಚಿಕ್ಕಮಗಳೂರನ್ನು ಕಿಟಕಿಯಿಂದಲೇ ನೋಡಿ ಕೊಟ್ಟಿಗೆಹಾರದ ದಾರಿಯೋ ಬಾಳೆಹೊನ್ನೂರಿನ ದಾರಿಯೋ ಅಂತ ಕೇಳಿಕೊಂಡು ಹೊರಟರೆ, ಡಿಸೆಂಬರಿನಲ್ಲಿ 6 ದಾಟಿದ ಮೇಲೆ ಕತ್ತಲೆ. ಹೊರನಾಡಿನ ತಿರುವುಗಳಲ್ಲಿ ಹಿಂದಿನ ಸೀಟಿನ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಕವರ್ ಕೇಳುತ್ತಾರೆ. ರೂಮು ಸೇರುವಾಗ ರಾತ್ರಿ 8 ದಾಟಿರುತ್ತದೆ, ಅಮ್ಮನ ಮಂಡಿ ಊದಿರುತ್ತದೆ. ಜಗಳ ಶುರುವಾಗುವುದು ಇಲ್ಲೇ. ಅದಕ್ಕೆ ನಿಮ್ಮ ಅತ್ತಿಗೆಯೂ ಕಾರಣ ಅಲ್ಲ, ಭಾವನೂ ಅಲ್ಲ. ಪಟ್ಟಿ ಕಾರಣ.

ನಾಲ್ಕನೇ ದಿನದ ಬಗ್ಗೆ ಸಿಟ್ಟೇ ಬರುತ್ತದೆ. ಗೋಕರ್ಣದಿಂದ ಹೊನ್ನಾವರ, ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಅಲ್ಲಿಂದ ಸಾಗರ, ಇಕ್ಕೇರಿ, ಬೆಂಗಳೂರು. 500 ಕಿ.ಮೀ. ದಾಟುತ್ತದೆ. ಅದೂ ಡಿಸೆಂಬರಿನ ಜೋಗ. ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಕರೆಂಟಿಗೆ ನೀರು ಹಿಡಿದಿಟ್ಟುಕೊಳ್ಳುತ್ತಾರೆ. ಮಳೆ ನಿಂತು ಎರಡು ಮೂರು ತಿಂಗಳಾದ ಮೇಲೆ ಹೋದರೆ 253 ಮೀಟರ್ ಬಂಡೆಯ ಮೇಲೆ ಬಿಳಿ ದಾರದ ಹಾಗೆ ನೀರು ಕಾಣುತ್ತದೆ. ನೀವು ನೋಡಿದ ರೀಲ್ಸ್ ಆಗಸ್ಟಿನದು. ಹಾಕಿದವರು ತಿಂಗಳು ಹೇಳಲ್ಲ. ಜೋಗ ನೋಡಬೇಕಾದರೆ ಮಳೆಗಾಲದಲ್ಲಿ ಜೋಗಕ್ಕೇ ಅಂತ ಹೋಗಿ.

‘ರಾತ್ರಿ ಪೂರ್ತಿ ಓಡಿಸಿದರೆ ಒಂದು ದಿನ ಉಳಿಯುತ್ತೆ’ ಅಂತ ಯಾರಾದರೂ ಹೇಳಿದರೆ ಅವರನ್ನು ಮನೆಯಲ್ಲೇ ಬಿಟ್ಟು ಹೊರಡಿ. ಒಂದು ಸಲ ಬೆಳಗಿನ ಜಾವ 4ರ ಸುಮಾರಿಗೆ ಅರಸೀಕೆರೆ ದಾಟಿದ ಮೇಲೆ ನಾನು ಕೂತಿದ್ದ ಗಾಡಿ ಮೆಲ್ಲಗೆ ಎಡಕ್ಕೆ ವಾಲಿತು. ಡ್ರೈವರ್ ಕಣ್ಣು ತೆರೆದೇ ಇತ್ತು, ನಿದ್ದೆ ಬಂದಿತ್ತು. ರಸ್ತೆ ಬದಿಯ ಜಲ್ಲಿ ರಾಶಿಗೆ ಹೊಡೆದು ನಿಂತೆವು. ಹಾಗಾಗಿ ನಾನು ಮಾಡಿಕೊಡುವ ಪ್ಲಾನಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಚಕ್ರ ಉರುಳುವುದಿಲ್ಲ. ಹೆದರುಪುಕ್ಕಲ ಅನ್ನಿ, ಪರವಾಗಿಲ್ಲ.

ಇಷ್ಟೊಂದು ಜಾಗ ತುರುಕುವುದು ಯಾಕೆ ಅಂತ ನನಗೆ ಗೊತ್ತು. ದುರಾಸೆ ಒಂದೇ ಅಲ್ಲ, ಟಿಟಿ ಬಾಡಿಗೆಯ ಲೆಕ್ಕವೇ ಹಾಗಿದೆ. ದಿನಕ್ಕೆ ಕನಿಷ್ಠ 300 ಕಿ.ಮೀ. ಅಂತ ಹಿಡಿಯುತ್ತಾರೆ. ಓಡಿಸಿ ಬಿಡಿ, ದುಡ್ಡು ಅಷ್ಟಕ್ಕೆ. ಮೇಲೆ ಡ್ರೈವರ್ ಬಾಟಾ (ದಿನಭತ್ಯೆ), ಟೋಲ್, ಪಾರ್ಕಿಂಗ್. ಮೀಟರ್ ಶುರುವಾಗುವುದೂ ನಿಮ್ಮ ಮನೆಯಿಂದಲ್ಲ, ಅವರ ಶೆಡ್ಡಿನಿಂದ. ಹೀಗಿರುವಾಗ ಒಂದು ದಿನ ಸಮುದ್ರದ ಹತ್ತಿರ ಸುಮ್ಮನೆ ಕೂತರೆ ‘ಗಾಡಿ ನಿಂತಿದೆಯಲ್ಲ, ದುಡ್ಡು ದಂಡ’ ಅಂತ ಹೊಟ್ಟೆ ಉರಿಯುತ್ತದೆ. ಆ ಉರಿಗೆ ಇಡಗುಂಜಿ ಸೇರುತ್ತದೆ, ಇಕ್ಕೇರಿ ಸೇರುತ್ತದೆ.

ಆದ್ದರಿಂದ ಟಿಟಿ ಬಿಡಿ. ರೈಲಿನಲ್ಲಿ ಹೋಗಿ, ಅಲ್ಲಿ ಬೇಕಾದ ದಿನಕ್ಕೆ ಮಾತ್ರ ಗಾಡಿ ಮಾಡಿ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಉಡುಪಿಯಲ್ಲಿ ಇಳಿಸುತ್ತದೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ 120 ದಿನ ಇತ್ತು, ಆ ಹಳೇ ಲೆಕ್ಕದಲ್ಲಿ ಇರಬೇಡಿ. ಡಿಸೆಂಬರ್ 24ರ ರಾತ್ರಿಯ ಟಿಕೆಟ್ ಬೇಕಾದರೆ ಅಕ್ಟೋಬರ್ 25ರ ಬೆಳಿಗ್ಗೆ 8 ಗಂಟೆಗೆ ಫೋನ್ ಕೈಯಲ್ಲಿ ಇರಬೇಕು. ಒಂದು ಟಿಕೆಟ್ಟಿಗೆ ಆರೇ ಜನ. ಅಪ್ಪ ಅಮ್ಮ ಇಬ್ಬರದೇ ಬೇರೆ ಟಿಕೆಟ್ ಮಾಡಿ. ಹಿರಿಯರ ಕೋಟಾದಲ್ಲಿ ಕೆಳಗಿನ ಬರ್ತ್ ಸಿಗಬೇಕಾದರೆ ಆ ಟಿಕೆಟ್ಟಿನಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಇರಬಾರದು. ಎಲ್ಲರನ್ನೂ ಒಟ್ಟಿಗೆ ಹಾಕಿ ಆಮೇಲೆ ಅಮ್ಮನನ್ನು ಮೇಲಿನ ಬರ್ತಿಗೆ ಹತ್ತಿಸಲು ಆಗಲ್ಲ ಅಂತ ರೈಲಿನ ಟಿಕೆಟ್ ತಪಾಸಣೆಯವರ (ಟಿಟಿಇ) ಹಿಂದೆ ಅಲೆಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಉಡುಪಿಯಲ್ಲಿ ಒಂದೇ ಕಡೆ ಮೂರು ರಾತ್ರಿ. ನಾನು ಪ್ಲಾನ್ ನೋಡುವಾಗ ಜಾಗ ಎಣಿಸುವುದಿಲ್ಲ, ಎಷ್ಟು ಸಲ ಬ್ಯಾಗ್ ಕಟ್ಟಬೇಕು ಅಂತ ಎಣಿಸುತ್ತೇನೆ. ನಿಮ್ಮ ಪಟ್ಟಿಯಲ್ಲಿ ಮೂರು ರೂಮು, ಮೂರು ಸಲ ಹನ್ನೊಂದು ಜನರ ಒದ್ದೆ ಟವೆಲ್, ಚಾರ್ಜರ್, ಮಾತ್ರೆ ಡಬ್ಬಿ ಹುಡುಕಬೇಕು. ಇಲ್ಲಿ ಒಂದೇ ಸಲ. ರೈಲು ನಸುಕಿನಲ್ಲೇ ಇಳಿಸುತ್ತದೆ, ರೂಮು ಕೊಡುವುದು ಮಧ್ಯಾಹ್ನ. ಒಂದು ರೂಮಾದರೂ ಬೆಳಿಗ್ಗೆಯೇ ಕೊಡುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿ, ಬೇಕಾದರೆ ಅದಕ್ಕೆ ದುಡ್ಡು ಕೊಡಿ.

ಮೊದಲ ದಿನ ನಿದ್ದೆ, ಸಂಜೆ ಕೃಷ್ಣ ಮಠ. ಎರಡನೇ ದಿನ ಗಾಡಿ ಮಾಡಿ ಕೊಲ್ಲೂರು, ಬರುವಾಗ ಮರವಂತೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ನಡುವೆ ರಸ್ತೆ. ಅಪ್ಪನಿಗೆ ಗಾಡಿಯಿಂದ ಇಳಿಯದೆಯೂ ಕಾಣುತ್ತದೆ. ಮೂರನೇ ದಿನ ಏನೂ ಬೇಡ. ಮಕ್ಕಳು ಹಟ ಮಾಡಿದರೆ ಮಲ್ಪೆಗೆ ಹೋಗಿ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟು ಮಂಡಿ ನೋವಿನವರಿಗೆ ಹೇಳಿದ್ದಲ್ಲ, ಹತ್ತಿ ಇಳಿಯುವುದು ಕಷ್ಟ. ಅವರು ದಡದಲ್ಲೇ ಇರಲಿ, ಜೊತೆಗೆ ಒಬ್ಬರು ಕೂತುಕೊಳ್ಳಿ.

ಬೇಲೂರು, ಶೃಂಗೇರಿ ಎಲ್ಲೂ ಓಡಿಹೋಗಲ್ಲ. ಕೆಲವು ವರ್ಷದ ಹಿಂದೆ ನನ್ನ ಜೊತೆ ಬಂದಿದ್ದ ಒಂದು ಮನೆಯವರು ಶೃಂಗೇರಿಯಲ್ಲಿದ್ದರು. ಅಜ್ಜಿ ಮಂಡಕ್ಕಿ ಪೊಟ್ಟಣ ಹಿಡಿದು ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಹಾಕುತ್ತಿದ್ದರು. ಮೀನು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಮಗ ಮೇಲಿನಿಂದ ವಾಚು ತೋರಿಸಿ ‘ಅಮ್ಮಾ, ಆಗುಂಬೆ ತಪ್ಪುತ್ತೆ’ ಅಂತ ಕೂಗಿದರು. ಅಜ್ಜಿ ಉಳಿದ ಅರ್ಧ ಪೊಟ್ಟಣ ಮಡಚಿ ಸೆರಗಿಗೆ ಕಟ್ಟಿಕೊಂಡು ಎದ್ದರು. ಆಗುಂಬೆಯಲ್ಲಿ ಆವತ್ತು ಮೋಡ ಮುಚ್ಚಿತ್ತು.

ಪ್ರಶ್ನೆ: ಘಾಟಿಯಲ್ಲಿ ವಾಂತಿ ಆಗದಿರಲು ಹೊಟ್ಟೆಗೆ ಪೇಪರ್ ಕಟ್ಟಿಕೊಂಡರೆ ಸಾಕಂತೆ, ನಿಜವಾ?

ಪೇಪರ್ ಓದಲಿಕ್ಕೆ ಇರುವುದು, ಅದನ್ನೂ ಘಾಟಿಯಲ್ಲಿ ಓದಬೇಡಿ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ. ಮಕ್ಕಳ ಕೈಯಿಂದ ಮೊಬೈಲ್ ತೆಗೆಯಿರಿ. ಪೂರಿ ಸಾಗು ಹೊಡೆದು ಹತ್ತಬೇಡಿ, ಎರಡು ಇಡ್ಲಿ ಸಾಕು. ಮಾತ್ರೆ ಬೇಕಾದರೆ ನಿಮ್ಮ ಡಾಕ್ಟರನ್ನು ಕೇಳಿ, ಹೊರಡುವ ಮುಂಚೆಯೇ ತಗೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಅದರ ಜೊತೆಯೇ ಆಚೆ ಬರುತ್ತದೆ.

ಪ್ರಶ್ನೆ: ಮಾಲ್‌ನಲ್ಲಿ ಕೂಪನ್ ತುಂಬಿದ್ದೆ. ಲಕ್ಕಿ ಡ್ರಾದಲ್ಲಿ 3 ರಾತ್ರಿ ರೆಸಾರ್ಟ್ ಫ್ರೀ ಬಂದಿದೆ, ದಂಪತಿ ಸಮೇತ ಬಂದು ತಗೊಳ್ಳಿ ಅಂತ ಫೋನ್ ಬಂತು. ಹೋಗಲಾ?

ಆ ಡ್ರಾದಲ್ಲಿ ಗೆಲ್ಲದವರು ಯಾರೂ ಇಲ್ಲ. ಎರಡು ಗಂಟೆ ಎಸಿ ರೂಮಿನಲ್ಲಿ ಕೂರಿಸಿ, ಜೋರಾಗಿ ಹಾಡು ಹಾಕಿ, ‘ಇವತ್ತು ಸಹಿ ಹಾಕಿದರೆ ಮಾತ್ರ ಈ ರೇಟು’ ಅಂತ ವರ್ಷಗಟ್ಟಲೆ ಕಟ್ಟುವ ಮೆಂಬರ್‌ಶಿಪ್ ಮಾರುತ್ತಾರೆ. ರಜೆ ಬಂದಾಗ ರೂಮು ಕೇಳಿದರೆ ‘ಫುಲ್ ಆಗಿದೆ ಸರ್’. ಹೋಗಲೇಬೇಕು ಅಂತಿದ್ದರೆ ಎಟಿಎಂ ಕಾರ್ಡೂ ಮೊಬೈಲೂ ಮನೆಯಲ್ಲಿಟ್ಟು ಹೋಗಿ.

ಪ್ರಶ್ನೆ: ಹೋಂಸ್ಟೇಯವರು ಪೂರ್ತಿ ದುಡ್ಡು ಇವತ್ತೇ ಹಾಕಿ ಅಂತಿದ್ದಾರೆ. ಫೋಟೋ ಚೆನ್ನಾಗಿದೆ.

ಫೋಟೋ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ವಿಡಿಯೋ ಕಾಲ್ ಮಾಡಿ ಗೇಟಿನಿಂದ ರೂಮಿನವರೆಗೆ ನಡೆದು ತೋರಿಸಲು ಹೇಳಿ. ಆಗಲ್ಲ ಅಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಹಂಪಿ ಹೇಗೆ?

ಬಾಣಲೆ ಥರ.

ಪ್ರಶ್ನೆ: ಶುಕ್ರವಾರ ಆಫೀಸ್ ಮುಗಿಸಿ ಮೈಸೂರಿನಿಂದ ರಾತ್ರಿ 9ಕ್ಕೆ ಹೊರಟು ಬಂಡೀಪುರದ ಮೇಲೆ ವಯನಾಡಿಗೆ ಹೋಗಬೇಕು ಅಂತಿದ್ದೇವೆ.

ನೀವು ಗುಂಡ್ಲುಪೇಟೆಯಲ್ಲಿ ಮಲಗುತ್ತೀರಿ, ಕಾರಿನೊಳಗೆ. ಕಾಡಿನ ಆ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟಿನಲ್ಲಿ ‘ಸಾರ್, ಒಂದೇ ಒಂದು ಗಾಡಿ’ ಅಂತ ಗಾರ್ಡಿಗೆ ನೋಟು ತೋರಿಸುವವರು ಈ ಅಂಕಣಕ್ಕೆ ಬರೆಯುವುದೇ ಬೇಡ. ಶನಿವಾರ ತಿಂಡಿ ತಿಂದು ಹೊರಡಿ.